ಕೊಸರು

ಸೇಡಂನ ನಮ್ಮ ಹಳೆಯ ಮನೆಯ ಮಾಳಿಗೆ ಸೋರುತ್ತಿತ್ತು. ಮೇಲಿನ ಮಣ್ಣು ಇಳಿಸಿ ಶಹಾಬಾದ ಪರ್ಸಿ ಹೊದಿಸುವುದೆಂದು ನಿಶ್ಚಯವಾಗಿ, 1978ರ ಬೇಸಿಗೆಯಲ್ಲಿ ಇಡೀ ಮನೆ ಧೂಳಾಗಿತ್ತು. ಕಲಬುರ್ಗಿಯಲ್ಲಿ ಕಾಲೇಜು ಓದುತ್ತಿದ್ದ ನಾನು ರಜೆಗೆ ಬಂದವನು ಸಾಮಾನು ಎತ್ತಿಡುವ ಕೆಲಸಕ್ಕೆ ನಿಂತೆ. ಪಡಸಾಲೆಯ ಗೂಡಿನಿಂದ ಕೆಂಪು ಬಸ್ತಾನಿಯಲ್ಲಿ ಸುತ್ತಿದ ಗಂಟೊಂದು ಬಂತು. ಬಿಚ್ಚಿದರೆ ಮೊಳದುದ್ದದ ಖಾತೆ ಪುಸ್ತಕ. ಮೊದಲ ಹಾಳೆಯ ನೆತ್ತಿಯಲ್ಲಿ ಅರಿಷಿಣ ಕುಂಕುಮದ ಕಲೆ, ಕೆಳಗೆ ‘ಶ್ರೀ’, ಅದರ ಕೆಳಗೆ ಕಾಳಯುಕ್ತಿ ಸಂವತ್ಸರ, ಫಸಲಿ 1328, ದೀಪಾವಳಿ ಪಾಡ್ಯ ಎಂದಿತ್ತು. ಫಸಲಿಗೆ 590 ಕೂಡಿಸಿದರೆ 1918. ನಾವು ಮಾಳಿಗೆ ಬಿಚ್ಚಿದ ಆ ವರ್ಷದ ಸಂವತ್ಸರವೂ ಕಾಳಯುಕ್ತಿಯೇ. ಅರವತ್ತು ವರ್ಷದ ಚಕ್ರ ಒಂದು ಸುತ್ತು ತಿರುಗಿ ಬಂದಿತ್ತು.

ನನ್ನ ಅಜ್ಜಿ, ಆಯಿ, ಬಾಗಿಲ ಬಳಿ ಕೂತು ತೊಗರಿ ಹಸನು ಮಾಡುತ್ತಿದ್ದಳು. ಅವಳಿಗೆ ಓದು ಬಾರದು. ಬಸ್ತಾನಿಯ ಬಣ್ಣ ನೋಡಿಯೇ ಮೊರ ಬದಿಗಿಟ್ಟಳು.

“ಅವು ನಮ್ಮ ಮಾವನೋರ ಅಕ್ಷರ. ಜ್ವಾಕಿ ಮಾಡಿ ಹಾಳಿ ತಿರುವಪಾ.”

ಆ ರಜೆಯೆಲ್ಲ ನಾನು ಓದುವುದು, ಅವಳು ಬಿಡಿಸಿ ಹೇಳುವುದು. ಬರಹ ಮೋಡಿಯದು, ಕೈ ಎತ್ತದೆ ಎಳೆದುಕೊಂಡು ಹೋದ ಕನ್ನಡ. ಮೊದಮೊದಲು ಸಾಲು ಎಲ್ಲಿ ಒಡೆಯುತ್ತದೆಂದೇ ತಿಳಿಯಲಿಲ್ಲ. ಅಂಕಿಗಳೇ ಮೊದಲು ಕೈಹಿಡಿದವು. ರೂಪಾಯಿಯ ಅಂಕಿಯ ಪಕ್ಕ ಪಾವಲಿಗೊಂದು ನಿಂತ ಗೆರೆ, ಆಣೆಗೊಂದು ಚಿಕ್ಕ ಓರೆ ಗೆರೆ. ಎರಡು ನಿಂತ ಗೆರೆ, ಒಂದು ಓರೆ ಎಂದರೆ ಒಂಬತ್ತಾಣೆ. ಈ ಗೆರೆಗಳನ್ನು ಹಾಕಿದ ಬೆರಳಿನ ವೇಗ ಹಾಳೆಯ ಮೇಲೆ ಇನ್ನೂ ಕಾಣುತ್ತದೆ: ಅಂಗಡಿ ಖಾಲಿ ಇದ್ದಾಗ ಗೆರೆ ನೆಟ್ಟಗೆ, ಸಂತೆಯ ದಿನ ಗಾಳಿಗೆ ಬಾಗಿದ ಜೋಳದ ದಂಟಿನ ಹಾಗೆ.

ಖಾತೆ ಬರೆದ ಕಾಲಕ್ಕೆ ನಮ್ಮೂರು ಮೊಗಲಾಯಿ, ಅಂದರೆ ನಿಜಾಮರ ಸೀಮೆ. ಸೊಲ್ಲಾಪುರದ ಕಡೆಯದು ಬ್ರಿಟಿಷರದು, ಜನರ ಬಾಯಲ್ಲಿ ಇನ್ನೂ ಕಂಪನಿ ಸರಕಾರ. ಎರಡರ ನಡುವೆ ಗೋಡೆಯೇನೂ ಇರಲಿಲ್ಲ, ಆದರೆ ರೊಕ್ಕ ಬೇರೆ, ಟಪಾಲು ಬೇರೆ, ತಿಂಗಳ ಹೆಸರು ಬೇರೆ. ನಿಜಾಮರ ಹಾಲಿ ಸಿಕ್ಕಾ ರೂಪಾಯಿಯ ಮೇಲೆ ಚಾರ್ಮಿನಾರು, ಕಂಪನಿಯ ಕಲ್ದಾರ್ ರೂಪಾಯಿಯ ಮೇಲೆ ಬಾದಶಹನ ಮೋರೆ. ನೂರು ಕಲ್ದಾರ್ ಬೇಕೆಂದರೆ ಹಾಲಿ 116 ರೂಪಾಯಿ 10 ಆಣೆ 8 ಪೈ ಎಣಿಸಬೇಕೆಂಬುದು ಸರಕಾರಿ ಲೆಕ್ಕ. ನನ್ನ ಮುತ್ತಜ್ಜ, ಆಯಿಯ ಮಾವ, ಸೊಲ್ಲಾಪುರದ ಬಟ್ಟೆಗೆ ಕಲ್ದಾರ್ ಕೊಡುತ್ತಿದ್ದರು, ಊರಲ್ಲಿ ಹಾಲಿ ತಗೊಳ್ಳುತ್ತಿದ್ದರು. ಹೊರಗಿನಿಂದ ಬರುವ ಸರಕಿಗೆ ನೂರಕ್ಕೆ ಐದರಂತೆ ಕರೋಡಗೀರಿ ಕಟ್ಟಬೇಕು. ಸೊಲ್ಲಾಪುರಕ್ಕೆ ಕಾಗದ ಹಾಕಲು ನಿಜಾಮರ ಟಿಕೀಟು ನಡೆಯದು, ಕಂಪನಿಯದೇ ಬೇಕು. ಖಾತೆಯಲ್ಲಿ ಟಿಕೀಟಿನ ಖರ್ಚು ಎರಡು ಕಡೆ ಬರೆದದ್ದು ಯಾಕೆಂದು ನನಗೆ ತಿಳಿದದ್ದು ಆಮೇಲೆ. ಅದೇ 1918ರಲ್ಲಿ ನಿಜಾಮ ಸರಕಾರ ಕಾಗದದ ನೋಟು ಹೊರಡಿಸಿತು. ಅದರ ಬೆಲೆಯನ್ನು ಕನ್ನಡ, ತೆಲುಗು, ಮರಾಠಿ ಅಕ್ಷರಗಳಲ್ಲೂ ಅಚ್ಚು ಹಾಕಿದ್ದರು. ಕಚೇರಿಯಲ್ಲಿ ಅರ್ಜಿ ಉರ್ದುವಿನಲ್ಲಿ ಬರೆಸಬೇಕಾದ ಊರಿನ ಜನಕ್ಕೆ ನೋಟಿನ ಮೇಲೆ ತಮ್ಮ ಅಕ್ಷರ ಕಂಡಾಗ ಏನನ್ನಿಸಿರಬಹುದು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಆಯಿ ಹೇಳುತ್ತಿದ್ದುದು ಮಾತ್ರ ಬೇರೆ: “ಹಾಳಿ ರೊಕ್ಕ ಯಾರಿಗೂ ನಂಬಿಗಿ ಬರಲಿಲ್ಲಪಾ. ಕಲ್ಲಿಗೆ ಬಡದ್ರ ಸಪ್ಪಳ ಆಗೋದಲ್ಲ.”

ಊರ ಹೆಸರಿಗೂ ಉರ್ದುವಿನ ಗುರುತು ಉಳಿದಿದೆ. ನಮ್ಮ ‘ಡ’ವನ್ನು ಉರ್ದು ಲಿಪಿ ತನ್ನದೇ ಒಂದು ಗುಡುಗುವ ‘ರ’ದಲ್ಲಿ ಬರೆದುಕೊಂಡಿತು. ಅದನ್ನು ಇಂಗ್ಲಿಷಿನವರು ‘ಸೇರಂ’ ಎಂದು ಓದಿದರು. ರೈಲಿನವರಿಗೆ ಊರು ಸೇರಂ ಆಯಿತು, ನಮಗೆ ಸೇಡಂ.

ಆ ರೈಲೇ ಊರಿನ ಅಂಗಡಿಗಳನ್ನು ತಿರುವಿ ಹಾಕಿದ್ದು. ಮುಂಬಯಿಯಿಂದ ಬಂದ ಜಿ.ಐ.ಪಿ. ಹಾದಿ 1871ರಲ್ಲಿ ರಾಯಚೂರು ಮುಟ್ಟಿತು. ಮೂರು ವರ್ಷಕ್ಕೆ, 1874ರಲ್ಲಿ, ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ಹಾದಿ ಕವಲೊಡೆಯಿತು. ಚಿತ್ತಾಪುರ, ಮಳಖೇಡ, ಸೇಡಂ, ತಾಂಡೂರು ಒಂದೇ ದಾರದಲ್ಲಿ ಪೋಣಿಸಿಕೊಂಡವು. ಅಲ್ಲಿಯವರೆಗೆ ಉಪ್ಪು ಬರುತ್ತಿದ್ದುದು ಲಂಬಾಣಿಗರ ಹೇರೆತ್ತುಗಳ ಬೆನ್ನಮೇಲೆ. ರೈಲು ಬಂದ ಮೇಲೆ ಆ ಎತ್ತುಗಳ ಸಾಲು ಕರಗಿಹೋಯಿತು. ಅವರ ಮೊಮ್ಮಕ್ಕಳು ಚಿಂಚೋಳಿಯ ಗುಡ್ಡದ ತಾಂಡಾಗಳಿಂದ ಕಟ್ಟಿಗೆ ಹೊರೆ, ಜೇನು, ಸೀತಾಫಲ ಹೊತ್ತುಕೊಂಡು ಸಂತೆಗೆ ಇಳಿಯತೊಡಗಿದರು. ಖಾತೆಯಲ್ಲಿ ಅವರ ಹೆಸರಿಲ್ಲ. ಅವರು ಉದ್ರಿ ತಗೊಳ್ಳುತ್ತಿರಲಿಲ್ಲ, ಮಾರಿದ ರೊಕ್ಕದಲ್ಲೇ ಉಪ್ಪು, ತಂಬಾಕು ಕೊಂಡು ಹೊತ್ತು ಮುಳುಗುವ ಮುಂಚೆ ಗುಡ್ಡ ಹತ್ತುತ್ತಿದ್ದರು.

ಸಂತೆಯ ದಿನವನ್ನು ಆಯಿ ಸಪ್ಪಳದಿಂದಲೇ ನೆನಪಿಟ್ಟಿದ್ದಳು. ಹೊಸ ಸೊಸೆಗೆ ಬಜಾರಿಗೆ ಹೋಗುವ ಹಾಗಿರಲಿಲ್ಲವಲ್ಲ, ಒಳಮನೆಯ ಕಿಟಕಿಯಿಂದ ಕೇಳಿಸಿಕೊಳ್ಳುವುದು. ಪಿಂಜಾರನ ಬಿಲ್ಲು ಹತ್ತಿಯ ಮೇಲೆ ಮಿಡಿಯುವುದು, ಕಲಾಯಿಯವನ ತಿದಿ ಉಸಿರು ಬಿಡುವುದು, ತಾಂಡೂರ ಕಡೆಯವರ ತೆಲುಗಿನ ಚೌಕಾಶಿ, ಬಾಗವಾನರ ದಖನಿ, ಇವೆಲ್ಲದರ ನಡುವೆ ಮಾವನವರು ಕಾಳು ಅಳೆಯುವ ದನಿ. ಮೊದಲ ಪಡಿಗೆ ಅವರು ‘ಒಂದು’ ಎನ್ನುತ್ತಿರಲಿಲ್ಲ. “ಲಾಭ” ಎನ್ನುತ್ತಿದ್ದರು. ಲಾಭ... ಲಾಭ... ಲಾಭ... ಎಂದು ಎರಡನೆಯ ಪಡಿ ತುಂಬುವವರೆಗೂ ಅದೇ ಮಾತು. ಆಮೇಲೆ ಎರಡು, ಮೂರು. ಅಳೆಯುವವನ ಲಾಭವೋ, ಅಳೆಸಿಕೊಳ್ಳುವವನ ಲಾಭವೋ ಎಂದು ಯಾರೂ ಕೇಳುತ್ತಿರಲಿಲ್ಲ. ಪಡಿಯ ಬಾಯಿಗೆ ಕಾಳು ಗೋಪುರವಾಗಿ ನಿಲ್ಲಬೇಕು, ಇನ್ನೊಂದು ಕಾಳು ಬಿದ್ದರೆ ಜಾರಬೇಕು. ಎಲ್ಲ ಮುಗಿದ ಮೇಲೆ, ಗಿರಾಕಿ ಚೀಲದ ಬಾಯಿ ಮುಚ್ಚುವ ಮುಂಚೆ, ಒಂದು ಬೊಗಸೆ ಕೊಸರು.

ಕೊಸರು ಎಂಬ ಮಾತಿನ ಮೇಲೆ ನನಗೆ ಮೋಹವಿದೆ. ಅದು ರಿಯಾಯಿತಿಯಲ್ಲ, ದಾನವಂತೂ ಅಲ್ಲವೇ ಅಲ್ಲ. ರಿಯಾಯಿತಿ ಬೆಲೆಯಲ್ಲಿ ಕಡಿಮೆಯಾಗುತ್ತದೆ, ಲೆಕ್ಕಕ್ಕೆ ಸಿಗುತ್ತದೆ. ಕೊಸರು ಲೆಕ್ಕ ಮುಗಿದ ಮೇಲೆ ಬರುವಂಥದು. ಕೊಡಲೇಬೇಕೆಂಬ ಕಾನೂನಿಲ್ಲ, ಕೊಡದಿದ್ದರೆ ಊರು ಆಡಿಕೊಳ್ಳುತ್ತದೆ. ಕಾಳಿಗೆ ಬೊಗಸೆ ಕಾಳು, ಎಣ್ಣೆಗೆ ಕೊನೆಯ ಧಾರೆ, ಡಜನು ಬಳೆಗೆ ಮೇಲೊಂದು ಬಳೆ. ಅಂಗಡಿಗೆ ಮಗುವನ್ನು ಕಳಿಸಿದರೆ ಅದರ ಅಂಗೈಯಲ್ಲಿ ಒಂದು ಚೂರು ಬೆಲ್ಲ. ಹಾಗಾಗಿ ಮನೆಮನೆಯ ಮಕ್ಕಳು ಉಪ್ಪು ತರಲು ನಾ ಮುಂದು ತಾ ಮುಂದು ಎನ್ನುತ್ತಿದ್ದವಂತೆ. ಬಾಣಂತಿ ಮನೆಯಿಂದ ಬಂದವರಿಗೆ ಕೇಳದೆಯೇ ಒಂದಿಷ್ಟು ಅಜಿವಾನ. ಪೀರಲ ಹಬ್ಬಕ್ಕೆ ಅಲಾಯಿ ಕುಣಿ ತೆಗೆದ ದಿನ ಸಕ್ಕರೆ ಓದಿಸಲು ಬಂದವರಿಗೆ ತಕ್ಕಡಿಯನ್ನೇ ಮುಟ್ಟುತ್ತಿರಲಿಲ್ಲ, ಕೈ ತೂಕ. ಕೊಟ್ಟಲ ಬಸವೇಶ್ವರನ ಜಾತ್ರೆಗೂ ಹಾಗೆಯೇ. ಕೊಸರಿನ ಕಾಲಂ ಖಾತೆಯಲ್ಲಿ ಎಲ್ಲೂ ಇಲ್ಲ. ಅಷ್ಟು ಗೆರೆ ಎಳೆದವರು ಅದಕ್ಕೊಂದು ಗೆರೆ ಎಳೆಯಲಿಲ್ಲ.

ಹಾಗೆಂದು ನನ್ನ ಮುತ್ತಜ್ಜನನ್ನು ದೊಡ್ಡ ದಾನಿಯೆಂದು ಬರೆದರೆ ಖಾತೆಗೇ ಸುಳ್ಳು ಹೇಳಿದಂತಾಗುತ್ತದೆ. ಅದೇ ಹಾಳೆಗಳಲ್ಲಿ ‘ಸವಾಯಿ’ ಇದೆ, ‘ದೀಡಿ’ ಇದೆ. ಬಿತ್ತಿಗೆಗೆ ನಾಲ್ಕು ಪಡಿ ಜೋಳ ಒಯ್ದವನು ರಾಶಿಗೆ ಐದು ತಂದು ಕೊಡಬೇಕು. ಕಷ್ಟದ ವರ್ಷವಾದರೆ ಆರು. 1918 ಅಂಥ ವರ್ಷವೇ. ಮಳೆ ಕೈಕೊಟ್ಟಿತ್ತು, ಯುದ್ಧದಿಂದ ಧಾರಣೆ ಮೊದಲೇ ಮೇಲಕ್ಕೇರಿತ್ತು. ನಮ್ಮ ಹಿತ್ತಲಲ್ಲಿ ಒಂದು ಹಗೇವು ಇತ್ತು. ನೆಲದೊಳಗೆ ಕೊರೆದ ಜೋಳದ ಗುಂಡಿ; ಸುತ್ತಲೂ ಕಣಿಕೆ ಒತ್ತಿ, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದ್ದು. ಅದನ್ನು ತೆರೆದ ದಿನವನ್ನು ಆಯಿ ನಿನ್ನೆಯದೆಂಬಂತೆ ಹೇಳುತ್ತಿದ್ದಳು. ಕಲ್ಲು ಸರಿಸಿದ ಕೂಡಲೇ ಯಾರೂ ಒಳಗೆ ಇಳಿಯುವಂತಿಲ್ಲ, ಒಳಗಿನ ಝಳ ಮನುಷ್ಯನನ್ನು ಕೊಲ್ಲುತ್ತದೆ. ಒಂದು ಹೊತ್ತು ಬಾಯಿ ತೆರೆದಿಟ್ಟು, ಹಗ್ಗಕ್ಕೆ ಕಟ್ಟಿದ ದೀಪ ಇಳಿಬಿಟ್ಟರು. ಮೊದಲ ಸಲ ದೀಪ ಆರಿತು. ಎರಡನೆಯ ಸಲವೂ ಆರಿತು. ಮೂರನೆಯ ಸಲ ಉರಿಯುತ್ತ ತಳದವರೆಗೆ ಹೋಯಿತು. ಆಗ ಆಳು ಇಳಿದ. ಮೇಲೆ ಬಂದ ಜೋಳಕ್ಕೆ ಮುಗ್ಗಿದ ವಾಸನೆ. ಹಿತ್ತಲ ಬಾಗಿಲಿಗೆ ಜನ ಆಗಲೇ ಸೇರಿತ್ತು. ಆ ಜೋಳವೆಲ್ಲ ದೀಡಿಯ ಲೆಕ್ಕದಲ್ಲೇ ಹೋಗಿದೆ, ಖಾತೆ ನೋಡಿದೆ. ಬೊಗಸೆ ಕೊಸರು ಹಾಕಿದ ಕೈಯೇ ಅದನ್ನು ಬರೆದದ್ದು.

ಆ ದೀಪಾವಳಿಯ ಹೊತ್ತಿಗೇ ಇನ್‌ಫ್ಲುಯೆಂಜಾ. ಯುದ್ಧಕ್ಕೆ ಹೋದವರ ಜೊತೆ ಮುಂಬಯಿಗೆ ಬಂದಿಳಿದ ಜ್ವರ ರೈಲು ಹಿಡಿದು ಹರಡಿ, ಇಂಡಿಯಾದಲ್ಲಿ ಒಂದು ಕೋಟಿಗೂ ಮಿಕ್ಕಿ ಜನರನ್ನು ಒಯ್ದ ವರ್ಷ ಅದು. ಆ ಹಾಳೆಗಳನ್ನು ಓದಲು ಮೋಡಿ ಬರಹ ಕಲಿಯಬೇಕಾಗಿಲ್ಲ. ಬಟ್ಟೆಯ ಕಾಲಂನಲ್ಲಿ ಒಂದೇ ಸರಕು: ಬಿಳಿ ಬಟ್ಟೆ. ಮತ್ತೆ ಬಿಳಿ ಬಟ್ಟೆ, ಕರ್ಪೂರ, ಬಿಳಿ ಬಟ್ಟೆ. ಯಾವ ಓಣಿಗೆ, ಯಾರ ಮನೆಗೆ ಎಂದು ಹೆಸರು ಸಹಿತ. ಕೆಲವು ಮನೆಯ ಹೆಸರು ಒಂದೇ ವಾರದಲ್ಲಿ ಮೂರು ಸಲ. ಆ ಸಾಲುಗಳ ಮುಂದೆ ನಿಂತ ಗೆರೆಯೂ ಇಲ್ಲ, ಓರೆ ಗೆರೆಯೂ ಇಲ್ಲ. ಬೆಲೆ ಬರೆದೇ ಇಲ್ಲ. ಜೋಳಕ್ಕೆ ದೀಡಿ ಹಿಡಿದ ಮನುಷ್ಯ ಹೆಣದ ಬಟ್ಟೆಗೆ ರೊಕ್ಕ ಬರೆಯಲಿಲ್ಲ. ಎರಡೂ ನಿಜ. ಇವೆರಡನ್ನೂ ಕೂಡಿಸಿ ಒಬ್ಬ ಮನುಷ್ಯನನ್ನು ಮಾಡಲು ನಾನು ಇಷ್ಟು ವರ್ಷ ಪ್ರಯತ್ನಪಟ್ಟಿದ್ದೇನೆ.

ಆಮೇಲೆ ಹನ್ನೊಂದು ದಿನ ಖಾತೆ ಖಾಲಿ. ಬರೆಯುವವರೇ ಮಲಗಿದ್ದರು. “ಮನಿ ಮಂದೆಲ್ಲ ಹಾಸಿಗಿ ಹಿಡದಿತ್ತು” ಎಂದಳು ಆಯಿ. “ನೀರು ಕಾಸಾಕ ಒಂದು ಪುಳ್ಳಿ ಇರಲಿಲ್ಲ. ಬಾಗಲದಾಗ ಯಾರೂ ಕಾಲಿಡಲಿಲ್ಲ, ಹೆದರಿಕಿ.”

ಖಾಲಿ ದಿನಗಳ ನಂತರದ ಮೊದಲ ಸಾಲಿಗೆ ಬಂದೆ. ಅಕ್ಷರ ನಡುಗಿದೆ. ‘ಹೊರಗೇರಿಯವಳು, ಜೋಳ ಅರ್ಧ ಪಡಿ, ಉದ್ರಿ.’ ಇಡೀ ಪುಸ್ತಕದಲ್ಲಿ ಹೆಸರಿಲ್ಲದ ಖಾತೆ ಅದೊಂದೇ ಎಂದು ಆಗ ಹೊಳೆಯಿತು. ಕುಂಬಾರರ ಹೆಸರಿದೆ, ಗಾಣಿಗರ ಹೆಸರಿದೆ, ಮಣಿಯಾರ, ಹಜಾಮ, ಸ್ಟೇಷನ್ ಮಾಸ್ತರ, ಎಲ್ಲರದೂ ಇದೆ. ಇವಳು ಹಿಂದೆ ಮುಂದೆ ಹಲವು ಸಲ ಬಂದಿದ್ದಾಳೆ, ಪ್ರತಿ ಸಲವೂ ‘ಹೊರಗೇರಿಯವಳು’.

“ಇವಳಿಗೂ ಕೊಸರು ಹಾಕತಿದ್ದರೇನಾಯಿ?”

ಆಯಿ ಬಹಳ ಹೊತ್ತು ಸುಮ್ಮನಿದ್ದಳು. ಮೊರದೊಳಗಿನ ತೊಗರಿಯಲ್ಲಿ ಬೆರಳಾಡಿಸಿದಳು.

“ಆಕಿ ಕಟ್ಟಿ ಕೆಳಗ ನಿಂದ್ರಾಕಿ. ಉಡಿ ಒಡ್ಡತಿದ್ದಳು, ಇವರು ಮ್ಯಾಲಿಂದ ಸುರುವತಿದ್ದರು, ಮುಟ್ಟಬಾರದಂತ. ಆಕಿ ಕೊಟ್ಟ ದುಡ್ಡಿಗೆ ನೀರು ಹೊಡದು ತಗೋತಿದ್ದರು. ಮ್ಯಾಲಿಂದ ಸುರುವಿದ ಜ್ವಾಳಕ್ಕ ಕೊಸರು ಹ್ಯಾಂಗ ಹಾಕತಾರಪಾ? ಕೊಸರು ಕೈಯಿಂದ ಹಾಕಬೇಕು.”

ಹೊರಗೆ ಗೌಂಡಿಗಳು ಪರ್ಸಿಯ ಅಂಚು ಕಡಿಯುತ್ತಿದ್ದ ಸಪ್ಪಳ ನಿಂತಿತ್ತು. ಅವರ ಊಟದ ಹೊತ್ತು. ಆಯಿ ತಾನೇ ಮುಂದುವರಿಸಿದಳು.

“ಆ ಬ್ಯಾನ್ಯಾಗ ನಮ್ಮ ಬಾಗಲಿಗಿ ಕಟ್ಟಿಗಿ ತಂದು ಇಳಿಸಿದಾಕಿ ಆಕಿ ಒಬ್ಬಾಕೇ. ದಿನಾ ಮುಂಜಾನಿ ಒಂದು ಹೊರಿ. ಕಟ್ಟಿ ಕೆಳಗೇ ಇಟ್ಟು, ‘ಯವ್ವಾ, ಕಟ್ಟಿಗಿ ಇಟ್ಟೀನಿ’ ಅಂತ ಒದರಿ ಹೋಗಾಕಿ. ಆಕಿ ಮನ್ಯಾಗೂ ಎರಡು ಹೆಣ ಬಿದ್ದಿದ್ದವು.”

ನಾನು ಹಾಳೆಗಳನ್ನು ಹಿಂದಕ್ಕೂ ಮುಂದಕ್ಕೂ ತಿರುವಿದೆ. ಕಟ್ಟಿಗೆಯ ಜಮಾ ಎಲ್ಲೂ ಇರಲಿಲ್ಲ. ಅರ್ಧ ಪಡಿ ಜೋಳದ ಉದ್ರಿ ಇತ್ತು, ಎರಡು ತಿಂಗಳ ಮೇಲೆ ಅದು ಹರಿದ ಗುರುತೂ ಇತ್ತು: ತೀರಿಸಿದ್ದಾಳೆ, ನಗದು. ಬಿಳಿ ಬಟ್ಟೆಯ ಸಾಲುಗಳಲ್ಲಿ ಹೊರಗೇರಿಯವಳಿಲ್ಲ. ಆ ಎರಡು ಹೆಣಕ್ಕೆ ಬಟ್ಟೆ ಎಲ್ಲಿಂದ ಬಂತೋ.

“ಆಕಿ ಹೆಸರೇನು, ಆಯಿ?”

ಅರವತ್ತು ವರ್ಷ ಯಾರೂ ಕೇಳದೆ ಇದ್ದ ಹೆಸರನ್ನು ಆಯಿ ಒಂದು ಕ್ಷಣವೂ ತಡೆಯದೆ ಹೇಳಿದಳು. ಗೌಂಡಿ ಕಿವಿಯ ಹಿಂದೆ ಸಿಗಿಸಿಕೊಂಡಿದ್ದ ಪೆನ್ಸಿಲ್ಲನ್ನು ಇಸಿದುಕೊಂಡು ಬಂದು, ನಡುಗಿದ ಆ ಸಾಲಿನ ಪಕ್ಕ ಬರೆದೆ.

“ಬರದೇನು? ಎಲ್ಲಿ ಬರದಿ, ತೋರಸು.”

ತೋರಿಸಿದೆ. ಅವಳು ಬೆರಳನ್ನು ಸೆರಗಿಗೆ ಒರೆಸಿಕೊಂಡು ಆ ಅಕ್ಷರಗಳ ಮೇಲೆ ಇಟ್ಟಳು.