ಹಗ್ಗದ ಈ ತುದಿ

ಏಲೂರಿನ ಬೆಳಗಿನ ಗಾಳಿಯಲ್ಲಿ ಪೆರಿಯಾರ್ ನದಿಯ ತಂಪೂ ಕಾರ್ಖಾನೆಗಳ ವಾಸನೆಯೂ ಬೆರೆತಿರುತ್ತವೆ. 1940ರ ದಶಕದಲ್ಲಿ ರಸಗೊಬ್ಬರದ ಕಾರ್ಖಾನೆ ತಲೆಯೆತ್ತಿದಂದಿನಿಂದ ಈ ನಡುಗಡ್ಡೆಗೆ ಉದ್ಯೋಗಮಂಡಲವೆಂಬ ಹೆಸರೂ ಅಂಟಿಕೊಂಡಿದೆ. ತೀರ್ಥಹಳ್ಳಿ ಕಡೆಯವನಾದ ನಾನು ಹೊಟ್ಟೆಪಾಡಿಗೆ ಇಲ್ಲಿಗೆ ಬಂದು ಹದಿನಾಲ್ಕು ವರ್ಷವಾಯಿತು. ನಮ್ಮ ಮನೆಯಲ್ಲಿ ಕನ್ನಡ ಆಡುವವರು ಮೂವರು. ಕನ್ನಡವೊಂದೇ ಅರ್ಥವಾಗುವವಳು ಒಬ್ಬಳು: ಲ್ಯಾಬ್ರಡಾರ್ ಜಾತಿಯ ನಮ್ಮ ತುಂಗಾ.

ಕೊಚ್ಚಿಯ ಶ್ವಾನಪ್ರದರ್ಶನವೊಂದರ ವಿಧೇಯತಾ ಸ್ಪರ್ಧೆಗೆ ಅವಳ ಹೆಸರನ್ನು ಕೊಟ್ಟಿದ್ದೆ. ಅಲ್ಲಿ ನಾಯಿಯ ಚೆಲುವಿಗೆ ಬೆಲೆಯಿಲ್ಲ. ಒಡೆಯನ ಎಡಮಗ್ಗುಲಲ್ಲಿ ನಡೆಯಬೇಕು, ಹೇಳಿದಾಗ ಕೂರಬೇಕು, ಮಲಗಬೇಕು, ಅವನು ದೂರ ಹೋದರೂ ಕದಲದೆ ಕಾದಿದ್ದು, ಕರೆದಾಗ ನೇರ ಬರಬೇಕು. ಒಂದು ಆಜ್ಞೆಯನ್ನು ಎರಡನೆಯ ಸಲ ಹೇಳಿದರೆ ಅಂಕ ಹೋಯಿತು.

ಎಂಟು ತಿಂಗಳು ಅವಳಿಗೆ 'ಕೂತ್ಕೋ', 'ನಿಲ್ಲು', 'ಬಾ ಮಗಳೇ' ಎಂದೇ ಕಲಿಸಿದ್ದೆ. ಅಂಕಣದೊಳಗೆ ಕಾಲಿಟ್ಟಾಗ ಬಾಯಿ ಒಣಗಿತು. ಸುತ್ತಲೂ ಠೀವಿಯ ಇಂಗ್ಲಿಷಿನ ಆಜ್ಞೆಗಳು. ಅಷ್ಟು ಜನರೆದುರು 'ಕೂತ್ಕೋ' ಎನ್ನಲು ನಾಚಿಕೆಯಾಗಿ, ನನ್ನದಲ್ಲದ ಕೀರಲು ದನಿಯಲ್ಲಿ 'ಸಿಟ್' ಎಂದೆ. ತುಂಗಾ ನನ್ನ ಮುಖ ನೋಡಿದಳು, ಆಕಳಿಸಿದಳು, ತುಟಿ ನೆಕ್ಕಿಕೊಂಡಳು. ನಾಯಿಗಳ ತಳಮಳದ ಚಿಹ್ನೆಗಳಿವು. ನನಗೆ ಅಂದು ಅವು ಉದಾಸೀನದಂತೆ ಕಂಡವು. ಮತ್ತೆ ಮತ್ತೆ 'ಸಿಟ್' ಎಂದೆ. ಅವಳು ಮೆಲ್ಲನೆ ಬಾಗಿಲ ಕಡೆ ನಡೆದಳು.

ಹಿಂತಿರುಗುವಾಗ ದಾರಿಯುದ್ದಕ್ಕೂ ಅವಳನ್ನು ಬೈದೆ. ಸೋಲಿಗಿಂತ ಆ ಬೈಗುಳವೇ ಇಂದಿಗೂ ನನ್ನನ್ನು ಚುಚ್ಚುತ್ತದೆ. ಹಿಂದಿನ ಆಸನದಿಂದ ಮಗಳು, "ಅಪ್ಪಾ, ನೀನು ಅವಳನ್ನ ಬೇರೆ ಯಾರೋ ಕರೆದ ಹಾಗೆ ಕರೆದೆ" ಎಂದಳು. ನಾನು ಉತ್ತರ ಕೊಡಲಿಲ್ಲ. ಆ ರಾತ್ರಿ ತುಂಗಾ ನನ್ನ ಕೋಣೆಗೆ ಬರಲಿಲ್ಲ.

ನೆರೆಮನೆಯ ಚೇಟ್ಟನ್ ಪೊಲೀಸ್ ಶ್ವಾನದಳದಲ್ಲಿ ದುಡಿದು ನಿವೃತ್ತರಾದವರು. ಮಾತು ಕಡಿಮೆ. ಒಂದು ವಾರ ನಮ್ಮ ಅಭ್ಯಾಸವನ್ನು ನೋಡುತ್ತ ನಿಂತಿದ್ದವರು, ಒಂದು ಬೆಳಗ್ಗೆ, "ಸಾರೇ, ಎಡಗೈ ನೋಡಿಕೊಳ್ಳಿ" ಎಂದರು. ನೋಡಿದರೆ ಹಗ್ಗವನ್ನು ಮುಷ್ಟಿಗೆ ಮೂರು ಸುತ್ತು ಸುತ್ತಿಕೊಂಡಿದ್ದೆ! ಬಿಗಿದ ಹಗ್ಗದ ಆ ತುದಿಯಲ್ಲಿ ಅವಳ ಕೊರಳು.

ಇದು ಬರಿಯ ಅನುಭವಸ್ಥರ ಊಹೆಯಲ್ಲ. ಸ್ವೀಡನ್ನಿನ ಲಿಂಕೋಪಿಂಗ್ ವಿಶ್ವವಿದ್ಯಾಲಯದವರು 58 ನಾಯಿಗಳ ಮತ್ತು ಅವುಗಳ ಒಡತಿಯರ ಕೂದಲಿನಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸೋಲನ್ನು ಅಳೆದು, ಒಡತಿಯಲ್ಲಿ ಹೆಚ್ಚಿದ್ದರೆ ನಾಯಿಯಲ್ಲೂ ಹೆಚ್ಚಿರುತ್ತದೆಂದು 2019ರಲ್ಲಿ ಪ್ರಕಟಿಸಿದರು. 2022ರಲ್ಲಿ ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ, ಬಾಯಿಲೆಕ್ಕ ಮಾಡಿ ಕಂಗೆಟ್ಟವರ ಬೆವರು ಮತ್ತು ಉಸಿರಿನ ವಾಸನೆಯನ್ನು ನಾಯಿಗಳು ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸಲ ಸರಿಯಾಗಿ ಗುರುತಿಸಿದವು. ತುಂಗಾಳಿಂದ ನಾನು ಏನನ್ನು ಮುಚ್ಚಿಡಬಲ್ಲೆ?

ಭಯವನ್ನು ಓಡಿಸಬೇಕೆಂಬ ಉಪದೇಶದಲ್ಲಿ ನನಗೆ ನಂಬಿಕೆಯಿಲ್ಲ, ನನ್ನದಂತೂ ಓಡಲಿಲ್ಲ. ಅದಿರುವಾಗಲೇ ಕೈ ಏನು ಮಾಡಬೇಕೆಂಬುದನ್ನು ಕಲಿತೆ. ಸಂಜೆ ಪಾತಾಳಂ ಕವಲಿನ ಜನಸಂದಣಿಯ ಅಂಚಿನಲ್ಲಿ ನಿಂತು ಅಭ್ಯಾಸ ಮಾಡಿದೆವು. ಆಜ್ಞೆಗೆ ಮುಂಚೆ ಉಸಿರನ್ನು ನಿಧಾನವಾಗಿ ಪೂರ್ತಿ ಹೊರಬಿಡುವುದು, ಹಗ್ಗ ಜೋತುಬಿದ್ದಿದೆಯೇ ಎಂದು ನೋಡುವುದು, ಆಮೇಲೆ ಮನೆಯ ದನಿಯಲ್ಲಿ ಕನ್ನಡದಲ್ಲೇ ಹೇಳುವುದು. ಮೊದಮೊದಲು ದಾರಿಹೋಕರು ನಿಂತು ನೋಡಿದರೆ ನನ್ನ ಕಿವಿ ಬಿಸಿಯಾಗುತ್ತಿತ್ತು. ಚೇಟ್ಟನ್ ಬೇಕೆಂದೇ ಗೆಳೆಯರನ್ನು ಕರೆತಂದು ಚಪ್ಪಾಳೆ ತಟ್ಟಿಸುತ್ತಿದ್ದರು.

ಮುಂದಿನ ಸ್ಪರ್ಧೆ ತಿರುವನಂತಪುರದಲ್ಲಿ. ಬಾಯಿ ಅಲ್ಲಿಯೂ ಒಣಗಿತು. ಉಸಿರು ಬಿಟ್ಟು, "ತುಂಗಾ, ಕೂತ್ಕೋ" ಎಂದೆ. ಯಾರೋ ಕಿಸಕ್ಕನೆ ನಕ್ಕರು. ಅವಳು ಕೂತಳು. ಕರೆಯುವ ಸರದಿಯಲ್ಲಿ ಅರ್ಧ ದಾರಿ ಬಂದವಳು ಯಾವುದೋ ಎಲೆಯನ್ನು ಮೂಸುತ್ತ ನಿಂತುಬಿಟ್ಟಳು. ಇನ್ನೊಮ್ಮೆ ಕರೆಯಲು ನಾಲಿಗೆ ತುದಿಗೆ ಮಾತು ಬಂದಿತ್ತು, ನುಂಗಿಕೊಂಡೆ. ಎಲೆಯ ವಿಚಾರಣೆ ಮುಗಿಸಿ, ಬಾಲವಾಡಿಸುತ್ತ ಬಂದು ನನ್ನೆದುರು ಕೂತಳು.

ಬಹುಮಾನ ಬರಲಿಲ್ಲ. ಮರಳುವಾಗ ಆಲಪ್ಪುಳದ ಬಳಿ ಚಹಾಕ್ಕೆ ನಿಂತೆವು. ಎಷ್ಟು ಅಂಕ ಬಂತೆಂದು ಮಗಳು ಕೇಳಿದಳು. ಚೀಟಿ ಕಾರಿನಲ್ಲೆಲ್ಲೋ ಇರಬೇಕೆಂದೆ. ತುಂಗಾಳಿಗೆ ನೀರು ಕುಡಿಸಲು ಬಟ್ಟಲು ಹುಡುಕುತ್ತಿದ್ದೆ.