ರಾಜಧಾನಿಯ ಸಂಗ್ರಹಾಲಯಗಳೂ ಕಾಳೀತೀರದ ನಾವೂ

ರಾಜಧಾನಿಯನ್ನು ನೋಡಬೇಕೆಂಬ ಆಶೆ ಹಳ್ಳಿಯಲ್ಲಿರುವವರಿಗೆ ಸಹಜವಾದುದು. ಆದರೆ ನೋಡುವುದೆಂದರೇನು ಎಂಬುದನ್ನು ಹೊರಡುವ ಮುನ್ನ ಯೋಚಿಸುವವರು ವಿರಳ. ನಾಲ್ಕು ದಿನ ಬೀದಿಗಳಲ್ಲಿ ಅಲೆದು, ಎತ್ತರವಾದ ಕಟ್ಟಡಗಳಿಗೆ ಕತ್ತೆತ್ತಿ, ಸೀರೆ ಪಾತ್ರೆಗಳನ್ನು ಕೊಂಡು ಹಿಂದಿರುಗಿದವರೂ ‘ರಾಜಧಾನಿಯನ್ನು ನೋಡಿ ಬಂದೆವು’ ಎನ್ನುವರು. ಅದು ಸುಳ್ಳಲ್ಲ. ಆದರೂ ಒಂದು ಊರು ರಾಜಧಾನಿ ಎನ್ನಿಸಿಕೊಂಡುದು ಏಕೆ, ಅಲ್ಲಿ ಕೂಡಿಸಿಟ್ಟ ವಸ್ತುಗಳು ಯಾರವು, ಅವುಗಳಲ್ಲಿ ನಮ್ಮ ಪಾಲೆಷ್ಟು ಎಂಬುದನ್ನು ತಿಳಿಯದೆ ಬಂದರೆ, ತೇರನ್ನು ನೋಡಿ ದೇವರನ್ನು ನೋಡದೆ ಬಂದಂತೆ ಆಗುವುದು. ಇದನ್ನು ತಿಳಿಸಿಕೊಡುವುದಕ್ಕೆಂದೇ ಈಗ ನಗರಗಳಲ್ಲಿ ಮಾರ್ಗದರ್ಶಿಗಳಿರುವರು. ಜನರು ಅವರನ್ನು ಗೈಡುಗಳೆನ್ನುವರು. ಅಂತಹವರೊಬ್ಬರ ಸಂಗಡ ನಮ್ಮ ಮನೆಯವರು ಬೆಂಗಳೂರನ್ನು ನೋಡಿದ ಬಗೆಯನ್ನೂ, ಅದರಿಂದ ನಮ್ಮ ಮನಸ್ಸಿನಲ್ಲಿ ಎದ್ದ ವಿಚಾರಗಳನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ನಮ್ಮದು ಜೋಯಿಡಾ ತಾಲೂಕಿನ ಅಣಶಿ. ಕಾಳೀನದಿಯ ಸೀಮೆಯ ದಟ್ಟವಾದ ಕಾಡು. ಊರು ದಾಟಿದರೆ ಕದ್ರಾದ ಕಡೆಗೆ ಇಳಿಯುವ ಘಟ್ಟ. ಅಲ್ಲಿಂದ ಬೆಂಗಳೂರು ಸುಮಾರು ಐನೂರು ಕಿಲೋಮೀಟರು. ಈ ದೂರಕ್ಕೆ ನೆಲದ ಅಳತೆಯೊಂದೇ ಕಾರಣವಲ್ಲ. ಬೆಂಗಳೂರು ನಮಗೆ ರಾಜಧಾನಿಯಾದುದೇ ಈಚೆಗೆ. ಎಲ್ಲವನ್ನೂ ಎಣಿಸದೆ ಮುಖ್ಯವಾದವುಗಳನ್ನಷ್ಟೇ ಹೇಳಿದರೂ, ಈ ಸೀಮೆಯವರು ಒಂದು ಕಾಲಕ್ಕೆ ಬನವಾಸಿಯ ಕಡೆಗೆ, ಮತ್ತೊಂದು ಕಾಲಕ್ಕೆ ಗೋವೆಯ ಕದಂಬರ ಚಂದ್ರಪುರದ ಕಡೆಗೆ, ಆಮೇಲೆ ವಿಜಯನಗರದ ಕಡೆಗೆ, ಹೈದರ್ ಟಿಪ್ಪೂ ಕಾಲದಲ್ಲಿ ಶ್ರೀರಂಗಪಟ್ಟಣದ ಕಡೆಗೆ ಮುಖಮಾಡಿ ನಿಂತವರು. 1799ರಲ್ಲಿ ಟಿಪ್ಪೂ ಮಡಿದ ಮೇಲೆ ಕೆನರಾ ಸೀಮೆಯು ಮದರಾಸಿಗೆ ಸೇರಿತು. 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಇಲಾಖೆಗೆ ಕೊಟ್ಟರು. 1956ನೆಯ ನವಂಬರ್ 1ರಂದು ಕನ್ನಡ ಸೀಮೆಗಳು ಒಂದುಗೂಡಿದಾಗ ಬೆಂಗಳೂರು ನಮ್ಮ ರಾಜಧಾನಿಯಾಯಿತು. ಹೀಗೆ ಮನೆಗಳು ಇದ್ದಲ್ಲಿಯೇ ಇದ್ದರೂ ರಾಜಧಾನಿಗಳು ಮಾತ್ರ ಬದಲಾಗುತ್ತ ಬಂದವು.

ಬೆಂಗಳೂರಿಗೆ ನಮ್ಮೊಡನೆ ಮಕ್ಕಳೂ, ನಮ್ಮ ದೊಡ್ಡಮ್ಮನವರೂ ಬಂದಿದ್ದರು. ದೊಡ್ಡಮ್ಮನವರಿಗೆ ಎಂಬತ್ತು ದಾಟಿದೆ, ತೌರು ಸೂಪಾ. ದಾಂಡೇಲಿ, ಹಳಿಯಾಳಗಳ ಮೇಲೆ ಧಾರವಾಡಕ್ಕೆ ಬಂದು ರಾತ್ರಿಯ ರೈಲು ಹತ್ತಿದೆವು. ನಮಗೆ ಗೊತ್ತುಮಾಡಿಕೊಟ್ಟ ಮಾರ್ಗದರ್ಶಿಯು ಇಪ್ಪತ್ತೈದರ ಸುಮಾರಿನ ತರುಣನು. ಚರಿತ್ರೆಯನ್ನು ಓದಿದವನು, ಅದಕ್ಕಿಂತ ಹೆಚ್ಚಾಗಿ, ಮುದುಕರ ಹೆಜ್ಜೆಗೆ ತನ್ನ ಹೆಜ್ಜೆಯನ್ನು ಹೊಂದಿಸಿಕೊಳ್ಳಬಲ್ಲವನು.

ಅವನು ಮೊದಲು ನಮ್ಮನ್ನು ಕೋಟೆಯ ಬಳಿಗೆ ಕರೆದೊಯ್ದನು. 1537ರಲ್ಲಿ ಕೆಂಪೇಗೌಡನು ಮಣ್ಣಿನ ಕೋಟೆಯನ್ನು ಕಟ್ಟಿಸಿದುದು, ಹೈದರನು ಅದನ್ನು ಕಲ್ಲಿನದಾಗಿ ಮಾಡಿಸಿದುದು, 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯವು ಅದನ್ನು ಹಿಡಿದುದು—ಇಷ್ಟನ್ನು ಹೇಳಿ, ಉಳಿದಿರುವ ಗೋಡೆಯ ಕಡೆಗೆ ಕೈ ತೋರಿಸಿ ಸುಮ್ಮನಾದನು. ಆಮೇಲೆ ಅದೇ 1791ರಲ್ಲಿ ಪೂರ್ತಿಯಾದ ಟಿಪ್ಪೂವಿನ ಬೇಸಗೆಯ ಅರಮನೆ. ಸಾಲಾಗಿ ನಿಂತ ತೇಗದ ಕಂಬಗಳನ್ನು ನೋಡಿ ದೊಡ್ಡಮ್ಮನವರು ಒಂದನ್ನು ಕೈಯಿಂದ ಸವರಲು ಹೋಗಿ, ಮುಟ್ಟಬಾರದೆಂಬ ಫಲಕವನ್ನು ಮಕ್ಕಳು ತೋರಿಸಲು ಕೈಯನ್ನು ಹಿಂದೆಗೆದುಕೊಂಡರು.

“ತಮ್ಮಾ, ಇದು ಯಾವ ಕಾಡಿನ ಮರ?” ಎಂದು ಕೇಳಿದರು.

“ಅದು ನನಗೆ ಗೊತ್ತಿಲ್ಲ, ಅಮ್ಮಾ. ಗೊತ್ತಿಲ್ಲದ್ದನ್ನು ಹೇಳಬಾರದು” ಎಂದು ಅವನು ಉತ್ತರಕೊಟ್ಟನು.

ಈ ಮಾತಿನಿಂದ ಅವನಲ್ಲಿ ನಮಗೆ ವಿಶ್ವಾಸ ಹುಟ್ಟಿತು. ಕೇಳುವವರ ಸಂತೋಷಕ್ಕಾಗಿ ‘ದಾಂಡೇಲಿಯ ತೇಗವೇ ಇರಬೇಕು’ ಎಂದುಬಿಡುವುದು ಅವನಿಗೆ ಎಷ್ಟು ಸುಲಭವಾಗಿತ್ತು! ಚರಿತ್ರೆಯನ್ನು ತೋರಿಸುವವನಿಗೆ ಇರಬೇಕಾದ ಮೊದಲನೆಯ ಗುಣ ಕಥೆ ಕಟ್ಟುವ ಚಾತುರ್ಯವಲ್ಲ. ಎಲ್ಲಿ ನಿಲ್ಲಬೇಕೆಂಬ ತಿಳಿವಳಿಕೆ.

ಅನಂತರ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋದೆವು. 1831ರಿಂದ ಮೈಸೂರು ಸೀಮೆಯ ಆಡಳಿತವು ಇಂಗ್ಲಿಷ್ ಕಮಿಷನರುಗಳ ಕೈಯಲ್ಲಿದ್ದ ಕಾಲದಲ್ಲಿ, ಬೌರಿಂಗ್ ಎಂಬ ಕಮಿಷನರನ ಆಶ್ರಯದಿಂದ 1865ರಲ್ಲಿ ಈ ಸಂಸ್ಥೆ ಹುಟ್ಟಿತು. ಇದಕ್ಕೆ ಮುನ್ನ ಮದರಾಸಿನಲ್ಲಿ ಸಂಗ್ರಹಾಲಯವನ್ನು ನಡೆಸಿದ್ದ ಬಾಲ್ಫೋರ್ ಎಂಬ ವೈದ್ಯನ ಶ್ರಮವೂ ಇದರಲ್ಲಿ ಸೇರಿತ್ತು. ಈಗಿನ ಕೆಂಪು ಕಟ್ಟಡಕ್ಕೆ ಅದು ಬಂದುದು 1877ರಲ್ಲಿ. ಇಂತಹ ಹಳೆಯ ಕಟ್ಟಡಗಳನ್ನು ದುರಸ್ತಿಗಾಗಿ ಕೆಲವು ಕಾಲ ಮುಚ್ಚುವುದುಂಟಾದುದರಿಂದ, ಹೋಗತಕ್ಕವರು ಮೊದಲೇ ವಿಚಾರಿಸಿಕೊಂಡು ಹೊರಡುವುದು ಲೇಸು.

ಒಳಗೆ ಬೇಗೂರಿನಿಂದ ತಂದ ವೀರಗಲ್ಲೊಂದಿತ್ತು. ಗಂಗರ ಎರೆಯಪ್ಪನ ಕಡೆ ಕಾದಿ ಮಡಿದ ನಾಗತ್ತರನ ಕಲ್ಲು. ಆನೆಗಳೂ ಆಳುಗಳೂ ಒತ್ತೊತ್ತಾಗಿ ಹೋರಾಡುತ್ತಿರುವಂತೆ ಕಡೆದ ಶಿಲ್ಪ. ಮಕ್ಕಳು ಅದರ ಮುಂದೆ ಬಹಳ ಹೊತ್ತು ನಿಂತರು. ಆದರೆ ನಮ್ಮ ಮನಸ್ಸನ್ನು ಹಿಡಿದುದು ಆತಕೂರಿನ ಕಲ್ಲು. ಅದರ ಕಾಲ ಕ್ರಿ. ಶ. 949-50. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಚಲ್ಲೇಶ್ವರನ ಗುಡಿಯ ಮುಂದೆ ಇದ್ದುದು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನೂ ಗಂಗರ ಬೂತುಗನೂ ಒಂದಾಗಿ ಚೋಳರ ರಾಜಾದಿತ್ಯನನ್ನು ಸೋಲಿಸಿದರು. ರಾಜಾದಿತ್ಯನು ಅಲ್ಲಿಯೇ ಮಡಿದನು. ಬೂತುಗನ ಸೇವಕನಾದ ಮಣಲೇರನೆಂಬ ವೀರನು ಆ ಕಾಳಗದಲ್ಲಿ ಮೆರೆದನು. ಒಡೆಯನು ಮೆಚ್ಚಿ, ಬೇಕಾದುದನ್ನು ಕೇಳೆನ್ನಲು, ಅವನು ಒಡೆಯನ ಪ್ರೀತಿಯ ಬೇಟೆನಾಯಿಯನ್ನು ಕೇಳಿ ಪಡೆದನು. ಮುಂದೆ ಆ ನಾಯಿ ದೊಡ್ಡ ಹಂದಿಯೊಂದರೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲನ್ನು ನಿಲ್ಲಿಸಿ, ಪೂಜೆ ನಡೆಯಲೆಂದು ಭೂಮಿಯನ್ನೂ ಬಿಟ್ಟರು.

“ಆ ನಾಯಿಯ ಹೆಸರೇನು ಗೊತ್ತೇ?” ಎಂದು ತರುಣನು ಮಕ್ಕಳನ್ನು ಕೇಳಿ, ತಾನೇ ಹೇಳಿದನು: “ಕಾಳಿ.”

ಮಕ್ಕಳು ಕೈತಟ್ಟಿ ನಕ್ಕರು. ನಮ್ಮ ಹೊಳೆಯ ಹೆಸರು ಸಾವಿರ ವರ್ಷದ ಹಿಂದಿನ ಒಂದು ನಾಯಿಗೂ ಇತ್ತೆಂಬುದು ಅವರಿಗೆ ದೊಡ್ಡ ವಿನೋದ. ದೊಡ್ಡಮ್ಮನವರು ನಗಲಿಲ್ಲ.

“ತಮ್ಮಾ, ನೀನು ಇಷ್ಟೆಲ್ಲ ಹೇಳಿದೆ. ಇದರಲ್ಲಿ ನಮ್ಮ ಕಡೆಯದು ಏನಾದರೂ ಉಂಟೋ?” ಎಂದರು.

“ಇದೆ, ಅಮ್ಮಾ. ಯುದ್ಧ ಗೆದ್ದ ಮೇಲೆ ಕೃಷ್ಣರಾಜನು ಬೂತುಗನಿಗೆ ಕೊಟ್ಟ ನಾಡುಗಳ ಹೆಸರು ಇದೇ ಕಲ್ಲಿನಲ್ಲಿವೆ. ಅವುಗಳಲ್ಲಿ ಮೊದಲನೆಯದು ಬನವಾಸಿ ಹನ್ನೆರಡು ಸಾವಿರ. ನಿಮ್ಮ ಜಿಲ್ಲೆಯೇ ಅಲ್ಲವೆ?”

ದೊಡ್ಡಮ್ಮನವರು ತುಸು ಹೊತ್ತು ಕಲ್ಲನ್ನೇ ನೋಡಿ, “ಕೊಟ್ಟರು ಎನ್ನುವುದನ್ನು ಬರೆದಿದ್ದಾರೆ. ಕೊಡಿಸಿಕೊಂಡವರನ್ನು ಕೇಳಿದರೋ ಇಲ್ಲವೋ, ಅದನ್ನು ಬರೆದಿಲ್ಲ” ಎಂದರು.

ಸಂಗ್ರಹಾಲಯಗಳ ವಿಷಯದಲ್ಲಿ ಇದಕ್ಕಿಂತ ಆಳವಾದ ಮಾತನ್ನು ನಾವು ಕೇಳಿಲ್ಲ. ರಾಜಧಾನಿಯು ನಾಡಿನ ನಾನಾ ಕಡೆಗಳಿಂದ ಕಲ್ಲುಗಳನ್ನು ತಂದು ಒಂದೆಡೆ ಇಡುವುದು. ಅದರಿಂದ ಲಾಭವಿದೆ: ಹೊಲದ ಬದುವಿನಲ್ಲಿ ಬಟ್ಟೆ ಒಗೆಯುವ ಕಲ್ಲಾಗಿ ಸವೆಯಬಹುದಾದುದು ನೆರಳಿನಲ್ಲಿ ಉಳಿಯುವುದು, ಪಂಡಿತರು ಬಂದು ಓದುವರು. ನಷ್ಟವೂ ಇದೆ: ಗುಡಿಯ ಮುಂದೆ ಪೂಜೆಗೊಂಡ ಕಲ್ಲಿಗೆ ಇಲ್ಲಿ ಒಂದು ಸಂಖ್ಯೆ ಮಾತ್ರ ಸಿಕ್ಕುವುದು. ಈ ನಷ್ಟವನ್ನು ಕೊಂಚ ಮಟ್ಟಿಗಾದರೂ ತುಂಬಿಕೊಡುವವನು ಮಾರ್ಗದರ್ಶಿ. ಅವನು ಕಲ್ಲನ್ನು ಮಾತಿನಿಂದ ಮರಳಿ ಅದರ ಊರಿಗೆ ಒಯ್ದು ನಿಲ್ಲಿಸುವನು. ಆತಕೂರಿನ ನಾಯಿಗೆ ಬಿಟ್ಟ ಭೂಮಿಯ ಪೂಜೆ ನಿಂತಿದ್ದರೂ, ಅದರ ಕಥೆಯನ್ನು ಕೇಳಿ ನಮ್ಮ ಮಕ್ಕಳು ಕೈತಟ್ಟಿದುದೂ ಒಂದು ಬಗೆಯ ಪೂಜೆಯೇ ಎಂದು ನಮಗೆ ತೋರಿತು.

ಅದೇ ರಸ್ತೆಯಲ್ಲಿ, ಹತ್ತಿರದಲ್ಲಿಯೇ, ವಿಶ್ವೇಶ್ವರಯ್ಯನವರ ಹೆಸರಿನ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವಿದೆ. 1962ರಲ್ಲಿ ನೆಹರೂರವರು ಅದನ್ನು ಉದ್ಘಾಟಿಸಿದರು. 1965ರಲ್ಲಿ ಜನರಿಗಾಗಿ ತೆರೆದ ಮೊದಲನೆಯ ವಿಭಾಗ ವಿದ್ಯುತ್ತಿನದು. ಮಕ್ಕಳು ರೈಟ್ ಸಹೋದರರ ವಿಮಾನದ ಪ್ರತಿಕೃತಿಯ ಕಡೆಗೆ ಓಡಿದರು. ತರುಣನು ನಮಗೆ ಕನ್ನಡ ನಾಡಿಗೆ ವಿದ್ಯುತ್ತು ಬಂದ ಬಗೆಯನ್ನು ವಿವರಿಸಿದನು: 1902ರಲ್ಲಿ ಕಾವೇರಿಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ತಂತಿ ಎಳೆದರು; 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪಗಳು ಬೆಳಗಿದವು. ಆಮೇಲೆ ಶರಾವತಿ; ಆಮೇಲೆ ಕಾಳಿ. ನಾವು ಎಲ್ಲಿಂದ ಬಂದವರೆಂಬುದು ನೆನಪಾಗಿ, “ಸೂಪಾದ ಅಣೆಕಟ್ಟು, ನಾಗಝರಿಯ ವಿದ್ಯುದಾಗಾರ—ಇವೆಲ್ಲ ನಿಮಗೇ ಚೆನ್ನಾಗಿ ಗೊತ್ತಿರಬೇಕು” ಎಂದು ನಮ್ರತೆಯಿಂದ ಹೇಳಿದನು.

ದೊಡ್ಡಮ್ಮನವರು ಅಲ್ಲಿದ್ದ ಬೆಂಚಿನ ಮೇಲೆ ಕುಳಿತರು. “ಅಣೆಕಟ್ಟು ನಿನಗೆ ಗೊತ್ತು. ಸೂಪಾ ಗೊತ್ತೋ?” ಎಂದರು. ಅವನು ಇಲ್ಲವೆಂದು ತಲೆಯಾಡಿಸಿದನು. ಇನ್ನು ಹೇಳುವವರು ಅವರು, ಕೇಳುವವನು ಅವನು.

ಕಾಳಿಗೆ ಪಾಂಢರಿ ಬಂದು ಸೇರುವಲ್ಲಿ ಒಂದು ಊರಿತ್ತು. ತಾಲೂಕಿನ ಮುಖ್ಯ ಸ್ಥಳ. ಕಚೇರಿ, ಶಾಲೆ, ಅಂಗಡಿಗಳು, ದೇವಸ್ಥಾನಗಳು. ಅವರ ಮನೆಯ ಹಿತ್ತಲಿನಿಂದ ನದಿಗೆ ಇಳಿಯುವ ಮೆಟ್ಟಿಲುಗಳು ಇಂತಿಷ್ಟು. ಸಂತೆಯ ದಿನ ಬರುತ್ತಿದ್ದ ಕುಣಬಿ ಹೆಂಗಸರ ಬುಟ್ಟಿಗಳಲ್ಲಿ ಇಂತಿಂತಹ ಗಡ್ಡೆಗಳು. ಮಳೆಗಾಲದಲ್ಲಿ ಹೊಳೆಯ ಸದ್ದಿನ ಮೇಲಿಂದಲೇ ನೀರು ಎಷ್ಟು ಏರಿದೆಯೆಂದು ತಂದೆಯವರು ಹೇಳುತ್ತಿದ್ದುದು. 1980ರ ದಶಕದಲ್ಲಿ ನೂರಾ ಒಂದು ಮೀಟರು ಎತ್ತರದ ಅಣೆಕಟ್ಟಿನ ಹಿಂದೆ ನೀರು ನಿಂತಿತು, ಊರು ಮುಳುಗಿತು. ತಾಲೂಕಿನ ಕಚೇರಿ ಜೋಯಿಡಾಕ್ಕೆ ಹೋಯಿತು. ಜನರಲ್ಲಿ ಅನೇಕರು ರಾಮನಗರದಲ್ಲಿ ನೆಲೆಸಿದರು. “ಹೊಳೆ ಹುಟ್ಟುವುದೂ ನಮ್ಮ ತಾಲೂಕಿನಲ್ಲೇ, ದಿಗ್ಗಿಯಲ್ಲಿ. ಸಮುದ್ರ ಸೇರುವುದೂ ನಮ್ಮ ಜಿಲ್ಲೆಯಲ್ಲೇ, ಕಾರವಾರದಲ್ಲಿ. ದೀಪ ಮಾತ್ರ ಎಲ್ಲ ಕಡೆ ಹತ್ತಿತು. ಹತ್ತಲಿ, ಕತ್ತಲೆಯಲ್ಲಿ ಯಾರೂ ಇರಬಾರದು. ಆದರೆ ಹಂದಿಯೊಡನೆ ಸತ್ತ ನಾಯಿಗೆ ಒಂದು ಕಲ್ಲು ಉಂಟಲ್ಲ ತಮ್ಮಾ, ನಮ್ಮ ಊರಿಗೆ ಒಂದು ಮಾತಾದರೂ ಬೇಡವೋ?”

ತರುಣನು ತನ್ನ ಪುಸ್ತಕವನ್ನು ತೆಗೆದು ಅವರು ಹೇಳಿದುದನ್ನು ಬರೆದುಕೊಂಡನು. ಪಾಂಢರಿ ಎಂಬ ಹೆಸರಿನ ಅಕ್ಷರಗಳನ್ನು ಎರಡು ಸಲ ಕೇಳಿ ತಿದ್ದಿಕೊಂಡನು. “ಇನ್ನು ಮೇಲೆ ಇಲ್ಲಿಗೆ ಯಾರನ್ನು ಕರೆತಂದರೂ ಸೂಪಾದ ಹೆಸರನ್ನು ಹೇಳುತ್ತೇನೆ, ಅಮ್ಮಾ” ಎಂದನು. ಅವನು ಮಾತು ನಡೆಸುವನೆಂದೇ ನಮ್ಮ ನಂಬಿಕೆ. ಆ ದಿನ ಉಳಿದ ಹೊತ್ತಿನಲ್ಲಿ ಕಬ್ಬನ್ ಉದ್ಯಾನದ ಮರಗಳ ಕೆಳಗೆ ನಡೆದು, 1956ರಲ್ಲಿ ಪೂರ್ತಿಯಾದ ವಿಧಾನಸೌಧವನ್ನು ಹೊರಗಿನಿಂದ ನೋಡಿ ಬಿಡಾರಕ್ಕೆ ಬಂದೆವು. 2025ರಲ್ಲಿ ಆ ಸೌಧದ ಒಳಗನ್ನೂ ಮಾರ್ಗದರ್ಶಿಗಳೊಡನೆ ತೋರಿಸುವ ಏರ್ಪಾಡು ಆರಂಭವಾಯಿತು. ಪ್ರಜೆಗಳು ತಮ್ಮ ಹೆಸರಿನಲ್ಲಿ ಕಟ್ಟಿದ ಮನೆಯ ಒಳಗನ್ನು ನೋಡುವುದು ಯೋಗ್ಯವೇ ಸರಿ.

ಇಷ್ಟರ ಮೇಲೆ ಗೃಹಸ್ಥರಾದ ವಾಚಕರಿಗೆ ಎರಡು ಮಾತು. ರಾಜಧಾನಿಯ ಸಂಗ್ರಹಾಲಯಗಳನ್ನು ನೋಡಹೋಗುವಾಗ ಒಂದು ದಿನಕ್ಕೆ ಎರಡು ಸ್ಥಳಗಳಿಗಿಂತ ಹೆಚ್ಚು ಇಟ್ಟುಕೊಳ್ಳಬೇಡಿರಿ. ದಣಿದ ಕಣ್ಣಿಗೆ ಎಲ್ಲ ಕಲ್ಲುಗಳೂ ಒಂದೇ. ಒಳ್ಳೆಯ ಮಾರ್ಗದರ್ಶಿ ಸಿಕ್ಕಿದರೆ ಅವನಿಗೆ ಕೊಡುವ ಹಣವನ್ನು ದಂಡವೆಂದು ಭಾವಿಸಬೇಡಿರಿ. ಮಕ್ಕಳನ್ನು ಕರೆದೊಯ್ಯಿರಿ, ಸಾಧ್ಯವಾದರೆ ಮನೆಯ ಹಿರಿಯರನ್ನು ತಪ್ಪದೆ ಕರೆದೊಯ್ಯಿರಿ. ನಾವು ಫಲಕವನ್ನು ಓದಿ ಮುಂದಕ್ಕೆ ಹೋಗುವಲ್ಲಿ ಅವರು ನಿಂತು ಪ್ರಶ್ನೆ ಕೇಳುವರು. ಪ್ರತಿಯೊಂದು ವಸ್ತುವಿನ ಮುಂದೆಯೂ ‘ಇದು ಎಲ್ಲಿಂದ ಬಂತು, ಅಲ್ಲಿ ಈಗ ಏನಿದೆ?’ ಎಂದು ಕೇಳುವುದನ್ನು ಮಕ್ಕಳಿಗೆ ಕಲಿಸಿರಿ.

ಎರಡನೆಯ ಮಾತು ಇನ್ನೂ ಮುಖ್ಯವಾದುದು. ಸೂಪಾ ಮುಳುಗಿದಾಗ ಸಂಸಾರಸ್ಥರಾಗಿದ್ದವರು ಈಗ ಮುಪ್ಪಿನಲ್ಲಿರುವರು. ಆ ಊರನ್ನು ತೋರಿಸಬಲ್ಲ ಮಾರ್ಗದರ್ಶಿಗಳೆಂದರೆ ಅವರೇ. ಊರು ನೀರಿನ ಕೆಳಗಿರುವುದರಿಂದ ಅವರ ಮಾತಲ್ಲದೆ ಅದಕ್ಕೆ ಬೇರೆ ದಾರಿಯಿಲ್ಲ. ಹಾಗೆಯೇ ಪ್ರತಿಯೊಂದು ಮನೆಯಲ್ಲಿಯೂ ಯಾವುದೋ ಒಂದು ಮುಳುಗಿದ ಊರು, ಮುಚ್ಚಿಹೋದ ಸಂತೆ, ಬಿಟ್ಟುಬಂದ ಗದ್ದೆ ಒಬ್ಬ ಅಜ್ಜಿಯ ನೆನಪಿನಲ್ಲಿ ಇದ್ದೇ ಇರುವುದು. ಅದಕ್ಕೆ ಕಟ್ಟಡ ಬೇಡ, ಟಿಕೆಟು ಬೇಡ. ಈಗ ನಮ್ಮ ಮನೆಯಲ್ಲಿ ಪ್ರತಿ ಆದಿತ್ಯವಾರ ಸಂಜೆ ದೊಡ್ಡಮ್ಮನವರು ಹೇಳುವರು, ಮಕ್ಕಳು ಬರೆದುಕೊಳ್ಳುವರು. ಇದುವರೆಗೆ ಸೂಪಾದ ಒಂದು ಬೀದಿ ಮುಗಿದಿದೆ. ಮನೆಗಳನ್ನೂ, ಅವುಗಳಲ್ಲಿ ಇದ್ದವರನ್ನೂ ಸಾಲಾಗಿ ಬರೆದಾಗಿದೆ. ಮುಂದಿನ ವಾರ ನದಿಯ ಕಡೆಗೆ ಹೋಗುವ ಬೀದಿ.