ಕಾಲು ಕಿಲೋ ಡಬ್ಬು ಮೆಣಸಿನಕಾಯಿ

ಧಾರವಾಡದ ಸಂತೆಯಲ್ಲಿ 1970ರ ದಶಕದಲ್ಲೂ ಡಬ್ಬು ಮೆಣಸಿನಕಾಯಿ ಸಿಗುತ್ತಿತ್ತು. ಹೂಕೋಸು, ಬೀಟ್‌ರೂಟ್‌ಗಳ ಸಾಲಿನಲ್ಲಿ, ನಮ್ಮಂಥವರು ನೋಡಿ ಮುಂದೆ ನಡೆಯುವ ಕಡೆ ಅದರ ಬುಟ್ಟಿ ಇರುತ್ತಿತ್ತು. ಕೊಳ್ಳುತ್ತಿದ್ದವರು ಆಫೀಸರ ಮನೆಯವರು, ಕಾಲೇಜು ಮಾಸ್ತರರ ಹೆಂಡಂದಿರು. ನಮ್ಮಜ್ಜಿ ಒಮ್ಮೆ ಒಂದನ್ನು ಎತ್ತಿಕೊಂಡು ಮೂಸಿ, ಅಂಗೈಯಲ್ಲಿ ತೂಗಿ, ಬುಟ್ಟಿಗೆ ವಾಪಸ್ ಹಾಕಿದಳು. “ಖಾರಂತೂ ಇಲ್ಲ. ಒಳಗ ಬರೇ ಗಾಳಿ. ಗಾಳಿಗೆ ರೊಕ್ಕ ಕೊಡಂಗಿಲ್ಲ ನಾ.”

ಆ ಗಾಳಿ ಇದ್ದ ಜಾಗವೇ ನಮ್ಮವ್ವನಿಗೆ ಲಾಭವಾಗಿ ಕಂಡಿತು. ಮನೆಯಲ್ಲಿ ಒಂಬತ್ತು ಜನ. ಕಾಲು ಕಿಲೋ ಬೆಂಡೆಕಾಯಿ ತಂದರೆ ಪಲ್ಯ ಬೋಗುಣಿಯ ತಳಕ್ಕೆ ಅಂಟಿಕೊಳ್ಳುವಷ್ಟು. ಕಾಲು ಕಿಲೋ ಡಬ್ಬು ಅಂದರೆ ಆಗಿನ ಸಣ್ಣ ಕಾಯಿ ಐದು. ಐದರ ಹೊಟ್ಟೆಗೂ ಮಸಾಲಿ ತುಂಬಿದರೆ ಅದೇ ಕಾಲು ಕಿಲೋ ಮುಕ್ಕಾಲು ಕಿಲೋ ಆಗುತ್ತದೆ. ತುಂಬುವುದಕ್ಕೆ ಬೇಕಾದದ್ದನ್ನು ಸಂತೆಯಿಂದ ತರುವ ಪ್ರಶ್ನೆಯೇ ಇಲ್ಲ, ಎಲ್ಲ ಡಬ್ಬಿಯಲ್ಲಿ ಕೂತಿರುತ್ತಿತ್ತು. ಶೇಂಗಾ ಹೊಲದಿಂದ ಬರುತ್ತಿತ್ತು. ಗುರೆಳ್ಳು ಯಾರೋ ನೆಂಟರು ಕೊಟ್ಟದ್ದು. ಕಡಲಿಬ್ಯಾಳಿ ಬೀಸಿಸಿಟ್ಟ ಹಿಟ್ಟಂತೂ ಜುಣಕಕ್ಕೆಂದು ಸದಾ ಇದ್ದೇ ಇರುತ್ತಿತ್ತು. ತುಂಬುಗಾಯಿಯನ್ನು ಹಬ್ಬದ ಅಡಿಗೆ, ಕೈರುಚಿ, ಪರಂಪರೆ ಎಂದೆಲ್ಲ ಬರೆಯುವವರನ್ನು ಓದುವಾಗ ನನಗೆ ಈ ಲೆಕ್ಕ ನೆನಪಾಗುತ್ತದೆ. ತರಕಾರಿ ರೊಕ್ಕ ಕೊಟ್ಟು ತಂದದ್ದು, ತುಂಬಿದ್ದು ಮನೆಯದು. ಆದ್ದರಿಂದ ತರಕಾರಿ ಕಡಿಮೆ, ತುಂಬಿದ್ದು ಹೆಚ್ಚು.

ಕ್ರಮವನ್ನು ಅವ್ವ ಹೊಸದಾಗಿ ಕಂಡುಹಿಡಿಯಲಿಲ್ಲ. ಬದನೀಕಾಯಿ ಎಣಗಾಯಿಯ ಮಸಾಲಿಯನ್ನೇ ಡಬ್ಬುವಿಗೆ ತುಂಬಿದಳು, ಅಷ್ಟೆ. ಶೇಂಗಾ ಹುರಿದು ಸಿಪ್ಪೆ ತೂರಿ ತರಿತರಿಯಾಗಿ ಕುಟ್ಟಬೇಕು. ಗುರೆಳ್ಳನ್ನು ಬೇರೆಯಾಗಿಯೇ ಹುರಿಯಬೇಕು, ಅದು ಶೇಂಗಾಕ್ಕಿಂತ ಬೇಗ ಸೀಯುತ್ತದೆ, ಸೀದರೆ ಕಹಿ. ಸ್ವಲ್ಪ ಒಣಕೊಬ್ಬರಿ, ಎಳ್ಳು, ಬಳ್ಳೊಳ್ಳಿ, ಹುಣಸೆ, ಬೆಲ್ಲ, ಮಸಾಲಿ ಖಾರ. ಇವೆಲ್ಲದರ ಜೊತೆ ಒಂದು ಮುಷ್ಟಿ ಕಡಲೆಹಿಟ್ಟನ್ನು ಹಸಿವಾಸನೆ ಹೋಗುವ ತನಕ ಹುರಿದು ಸೇರಿಸುತ್ತಿದ್ದಳು. ಬದನೀಕಾಯಿಗೆ ಈ ಹಿಟ್ಟು ಹಾಕುತ್ತಿರಲಿಲ್ಲ. ಯಾಕೆ ಎಂದು ಕೇಳಿದರೆ “ಇದು ನೀರ್ ಬಿಡತೈತಿ” ಎನ್ನುತ್ತಿದ್ದಳು. ಡಬ್ಬು ಮೆಣಸಿನಕಾಯಿಯಲ್ಲಿ ಶೇ. 90ಕ್ಕಿಂತ ಹೆಚ್ಚು ನೀರೇ ಎಂಬುದನ್ನು ನಾನು ಓದಿದ್ದು ಬಹಳ ವರ್ಷಗಳ ಮೇಲೆ. ಒಳಗಿನ ಉಪ್ಪು ಆ ನೀರನ್ನು ಎಳೆಯುತ್ತದೆ, ಎಳೆದದ್ದನ್ನು ಹಿಡಿದಿಡಲು ಏನಾದರೂ ಬೇಕು. ಕಡಲೆಹಿಟ್ಟು ಆ ಕೆಲಸಕ್ಕೆ. ಇವತ್ತು ಯಾವ ಹೂರಣ ಡಬ್ಬುವಿಗೆ ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ ಎಂಬುದನ್ನೆಲ್ಲ ಈ ಒಂದು ಮಾತಿನಿಂದಲೇ ತೀರ್ಮಾನಿಸಬಹುದು.

ಇನ್ನು ಬೇಯಿಸುವುದು. ಚಿಮಣಿ ಎಣ್ಣೆಯ ಸ್ಟೋ, ಅದರ ಮೇಲೆ ದಪ್ಪ ತಳದ ಬೋಗುಣಿ, ಶೇಂಗಾ ಎಣ್ಣೆ, ಸಾಸಿವೆ, ಕರಿಬೇವು. ಕಾಯಿಗಳನ್ನು ನಿಲ್ಲಿಸಿ ಮೇಲೆ ತಾಟು ಮುಚ್ಚಿ, ತಾಟಿನಲ್ಲಿ ಒಂದಿಷ್ಟು ನೀರು ಹೊಯ್ಯುತ್ತಿದ್ದಳು. ಏಳುವ ಉಗಿ ತಣ್ಣನೆಯ ತಾಟಿಗೆ ತಾಗಿ ಹನಿಯಾಗಿ ಮತ್ತೆ ಕೆಳಗೆ ಬೀಳುತ್ತಿತ್ತು; ಬೇರೆ ನೀರು ಹಾಕದೆ ಕಾಯಿ ಬೇಯುತ್ತಿತ್ತು. ತಾಟಿನ ನೀರು ಕಾದಿರುತ್ತಿತ್ತಲ್ಲ, ತಳ ಹಿಡಿಯಿತೆಂದರೆ ಅದನ್ನೇ ಎರಡು ಚಮಚ ಒಳಗೆ ಬಿಡುವುದು. ಈ ಉಪಾಯವನ್ನು ನಾನು ಇವತ್ತೂ ಬಿಟ್ಟಿಲ್ಲ.

ಆದರೆ ಫಲಿತಾಂಶ ಹೇಗಿರುತ್ತಿತ್ತು ಎಂದು ಕೇಳಿದರೆ, ನಿಜ ಹೇಳಬೇಕು: ತಳ ಕರಿ, ಮೇಲ್ಭಾಗ ಹಸಿ. ಸ್ಟೋದ ಉರಿ ನಡುವಿನಲ್ಲಿ ಜೋರು, ಸುತ್ತ ಮಂದ. ನಡುವೆ ಕೂತ ಕಾಯಿ ಒಂದು ಥರ, ಅಂಚಿನದು ಇನ್ನೊಂದು ಥರ. ಎಣ್ಣೆ ಧಾರಾಳವಾಗಿದ್ದರೆ ಇದನ್ನು ಮುಚ್ಚಿಹಾಕಬಹುದಿತ್ತು, ಅದು ತಿಂಗಳ ಕೊನೆಗೆ ಧಾರಾಳವಾಗಿರುತ್ತಿರಲಿಲ್ಲ. ಹಿಂದಿನ ಅಡಿಗೆಯ ರುಚಿ ಈಗ ಎಲ್ಲಿ ಎನ್ನುವ ನನ್ನ ಅಣ್ಣನಿಗೆ ಯಾವಾಗಲೂ ನಡುವಿನ ಕಾಯಿ ಸಿಕ್ಕಿರಬೇಕು.

ಹಂಚುವ ಕ್ರಮವೂ ಇತ್ತು. ಅಜ್ಜ, ಅಪ್ಪ, ಕಾಕಾ ಈ ಮೂವರಿಗೆ ಇಡೀ ಒಂದೊಂದು. ಮಕ್ಕಳು ನಾಲ್ವರಿಗೆ ಅರ್ಧರ್ಧ. ಅಲ್ಲಿಗೆ ಐದು ಮುಗಿಯಿತು. ಅಜ್ಜಿ ಗಾಳಿ ತಿನ್ನುವುದಿಲ್ಲವೆಂದು ಮೊದಲೇ ಹೇಳಿಯಾಗಿತ್ತು, ಹಸಿಖಾರ ಹಚ್ಚಿಕೊಂಡು ರೊಟ್ಟಿ ತಿನ್ನುತ್ತಿದ್ದಳು. ಅವ್ವ ಬೋಗುಣಿಯ ತಳಕ್ಕೆ ಹತ್ತಿದ ಮಸಾಲಿಯನ್ನು ರೊಟ್ಟಿಯಿಂದ ಒರೆಸಿ ತಿನ್ನುತ್ತಿದ್ದಳು. ಇದನ್ನು ತಾಯಿಯ ತ್ಯಾಗವೆಂದು ಬರೆಯುವ ರೂಢಿ ನಮ್ಮಲ್ಲಿದೆ. ಅವಳನ್ನು ಯಾರೂ ಕೇಳಿರಲಿಲ್ಲ. ಕಡಿಮೆ ಬಿದ್ದರೆ ಯಾರಿಗೆ ಬೀಳಬೇಕು ಎಂಬುದು ಅವಳು ಆ ಮನೆಗೆ ಬರುವ ಮೊದಲೇ ಗೊತ್ತಾಗಿತ್ತು. ತಳದ ಮಸಾಲಿಯೇ ಎಲ್ಲಕ್ಕಿಂತ ರುಚಿ ಎಂದು ಆಮೇಲೆ ಅವಳು ನಗುತ್ತ ಹೇಳಿದ್ದುಂಟು. ಅದೂ ಸುಳ್ಳಲ್ಲ.

ಅಜ್ಜಿಯ ವಿಷಯಕ್ಕೆ ಬಂದರೆ, ಅವಳು ಖಾರವಿಲ್ಲವೆಂದು ದೂರ ಇಟ್ಟ ಡಬ್ಬುವೂ ಅವಳ ಹಸಿಖಾರದ ಮೆಣಸಿನಕಾಯಿಯೂ ಒಂದೇ ಜಾತಿಯವು. ಸಸ್ಯಶಾಸ್ತ್ರದವರು ಎರಡನ್ನೂ ಕ್ಯಾಪ್ಸಿಕಂ ಆನ್ಯುಮ್ ಎಂದೇ ಕರೆಯುತ್ತಾರೆ. ಮೆಣಸಿನಕಾಯಿ ಎಂಬುದೇ ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗಿನಲ್ಲಿ ಗೋವೆಗೆ ಬಂದದ್ದು; ಅದಕ್ಕೆ ಮೊದಲು ನಮ್ಮವರ ಖಾರ ಹೆಚ್ಚಾಗಿ ಕಾಳುಮೆಣಸಿನದು. ಖಾರ ಹುಟ್ಟಿಸುವ ಕ್ಯಾಪ್ಸೈಸಿನ್ ಎಂಬ ವಸ್ತುವನ್ನು ತಯಾರಿಸುವ ಜೀನು ಡಬ್ಬುವಿನಲ್ಲಿ ಕೆಲಸ ಮಾಡುವುದಿಲ್ಲ, ವ್ಯತ್ಯಾಸ ಅಷ್ಟೇ. ಆ ಖಾರ ಇರುವುದಾದರೂ ಬೀಜದಲ್ಲಲ್ಲ, ಬೀಜ ಅಂಟಿಕೊಂಡಿರುವ ಬಿಳಿಯ ತಿರುಳಿನಲ್ಲಿ. ಹಾವೇರಿ ಜಿಲ್ಲೆಯ ಬ್ಯಾಡಗಿ ಇವೆರಡರ ನಡುವೆ ನಿಲ್ಲುತ್ತದೆ: ಬಣ್ಣ ಬಹಳ, ಖಾರ ಕಡಿಮೆ. ಅದಕ್ಕೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿತು.

ಅಜ್ಜಿ ಸ್ವತಃ ತುಂಬುತ್ತಿದ್ದದ್ದು ಬಾಳಕದ ಮೆಣಸಿನಕಾಯಿ. ಬೇಸಿಗೆ ಬಂತೆಂದರೆ ತೊಟ್ಟು ಉಳಿಸಿ, ನಡುವೆ ಉದ್ದಕ್ಕೆ ಸೀಳಿ, ಮೆಂತ್ಯ, ಜೀರಿಗೆ, ಕೊತ್ತಂಬರಿ ಕಾಳು ಹುರಿದು ಪುಡಿ ಮಾಡಿ, ಇಂಗು ಉಪ್ಪು ಬೆರೆಸಿ ಒತ್ತಿ ತುಂಬುವುದು. ಹುಳಿ ಮಜ್ಜಿಗೆಯಲ್ಲಿ ರಾತ್ರಿಯಿಡೀ ನೆನೆಸಿ ಹಗಲು ಮಾಳಿಗೆಯ ಮೇಲೆ ಒಣಗಿಸುವುದು. ಮಜ್ಜಿಗೆ ಮುಗಿಯುವ ತನಕ ಇದೇ ಕೆಲಸ. ಬೆರಳು ಉರಿದು ರಾತ್ರಿ ಹರಳೆಣ್ಣೆ ಹಚ್ಚಿಕೊಂಡು ಕೂಡುತ್ತಿದ್ದರು ಮನೆಯ ಹೆಂಗಸರೆಲ್ಲ. ಈಗ ಅದು ಪಾಕೀಟಿನಲ್ಲಿ ಸಿಗುತ್ತದೆ. ಉಪ್ಪು ಜಾಸ್ತಿ, ಮೆಂತ್ಯ ಕಡಿಮೆ, ಆದರೂ ನಾನು ಪಾಕೀಟನ್ನೇ ತರುತ್ತೇನೆ.

ಮದುವೆಯಾಗಿ ಬೆಂಗಳೂರಿಗೆ ಬಂದಾಗ ಡಬ್ಬು ಇಲ್ಲಿ ದಪ್ಪ ಮೆಣಸಿನಕಾಯಿಯಾಗಿತ್ತು, ಮತ್ತು ಅದನ್ನು ಕಂಡು ಯಾರೂ ಮೂಗು ಮುರಿಯುತ್ತಿರಲಿಲ್ಲ. ದಂಡಿನ ಊರು, ಇಂಗ್ಲಿಷ್ ತರಕಾರಿಗಳ ಬಳಕೆ ಹಳೆಯದು. ಹೆಸರಘಟ್ಟದಲ್ಲಿ 1967ರಲ್ಲಿ ಶುರುವಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅರ್ಕಾ ಮೋಹಿನಿ, ಅರ್ಕಾ ಗೌರವ್ ಎಂಬ ತಳಿಗಳನ್ನು ಕೊಟ್ಟ ಊರಿದು. ನಮ್ಮತ್ತೆಯವರ ಎಣ್ಣೆಗಾಯಿ ಬೇರೆಯೇ. ಕಡಲೆಬೇಳೆ, ಉದ್ದಿನಬೇಳೆ, ಧನಿಯ, ಚಕ್ಕೆ, ಲವಂಗ, ಮರಾಠಿ ಮೊಗ್ಗು ಹುರಿದು ಮಾಡಿದ ವಾಂಗಿಭಾತಿನ ಪುಡಿಗೆ ಕೊಬ್ಬರಿ ಸೇರಿಸಿ ತುಂಬುತ್ತಿದ್ದರು. ಅವ್ವನ ಹಾಗೆ ಕಾಯಿಯ ಮುಚ್ಚಳ ಕತ್ತರಿಸುತ್ತಿರಲಿಲ್ಲ. ತೊಟ್ಟು ಬಿಟ್ಟು ಕೆಳಗಿನಿಂದ ನಾಲ್ಕು ಸೀಳು. ನಾನು ಶೇಂಗಾದ ಡಬ್ಬಿ ತೆಗೆದ ದಿನ “ಅದು ಹಾಕಿದ್ರೆ ಜಿಡ್ಡು ಜಿಡ್ಡಾಗತ್ತೆ ಕಣಮ್ಮ” ಎಂದರು. ನಾನು ಡಬ್ಬಿ ಮುಚ್ಚಿದೆ. ಅವರು ಊರಿಗೆ ಹೋದಾಗಲೆಲ್ಲ ತೆಗೆಯುತ್ತಿದ್ದೆ.

ಸೀಳುವುದೋ, ಮುಚ್ಚಳ ತೆಗೆಯುವುದೋ ಎಂಬ ಜಗಳದಲ್ಲಿ ಮಾತ್ರ ನಾನು ಧಾರವಾಡದ ಪಕ್ಷ. ಸೀಳಿದ ಕಾಯಿ ಬೆಂದಂತೆ ಬಾಯಿ ಬಿಡುತ್ತದೆ, ಮಸಾಲೆಯಲ್ಲಿ ಅರ್ಧ ಎಣ್ಣೆಗೆ ಬಿದ್ದು ಸೀಯುತ್ತದೆ. ಬದನೆ ಮೆತ್ತಗಾಗಿ ಮುದುರಿಕೊಳ್ಳುತ್ತದೆ, ಡಬ್ಬುವಿನ ಸಿಪ್ಪೆ ಮುದುರುವುದಿಲ್ಲ.

ಹುಬ್ಬಳ್ಳಿಯ ಗೆಳತಿಯ ಮನೆಯಲ್ಲಿ ಖೀಮಾ ತುಂಬಿದ್ದನ್ನು ನೋಡಿದೆ. ಅವರಮ್ಮ ಖೀಮಾವನ್ನು ಮೊದಲೇ ನೀರು ಪೂರ್ತಿ ಇಂಗುವ ತನಕ ಬೇಯಿಸಿ, ಪುದೀನಾ ಹಾಕಿ, ಪುಟಾಣಿ ಹಿಟ್ಟು ಬೆರೆಸಿ ತುಂಬುತ್ತಿದ್ದರು. ಅಲ್ಲೂ ಅದೇ ಲೆಕ್ಕ: ಒಂಬತ್ತು ಜನರ ಮುಂದೆ ಪಾವು ಕಿಲೋ ಮಾಂಸವನ್ನು ಇಡುವುದು ಹೇಗೆ ಎಂಬ ಲೆಕ್ಕ. ನೀರು ಬಿಡುವ ಕಾಯಿಗೆ ಅಲ್ಲೂ ಹಿಟ್ಟಿನದೇ ಉತ್ತರ.

ಈಗ ಲೆಕ್ಕ ತಿರುಗಿಬಿದ್ದಿದೆ. ನನ್ನ ಅಡಿಗೆಮನೆಯಲ್ಲಿ ಡಬ್ಬುವೇ ಅಗ್ಗ, ತುಂಬುವುದು ದುಬಾರಿ. ಪನೀರು, ಚೀಸು, ಸ್ವೀಟ್ ಕಾರ್ನು, ಅಣಬೆ, ಎಲ್ಲ ಅಂಗಡಿಯಿಂದ ಬಂದದ್ದು. ಇನ್ನು ಕೆಂಪು, ಹಳದಿ ಡಬ್ಬು ತಂದರೆ ಕಾಯಿಯೂ ದುಬಾರಿ. 2005–06ರಲ್ಲಿ ರಾಷ್ಟ್ರೀಯ ತೋಟಗಾರಿಕಾ ಮಿಷನ್ ಶುರುವಾದ ಮೇಲೆ ಬೆಂಗಳೂರಿನ ಸುತ್ತ ಪಾಲಿಹೌಸುಗಳು ಎದ್ದವು. ದೊಡ್ಡಬಳ್ಳಾಪುರ, ಕೋಲಾರದ ಕಡೆ ಹೋದರೆ ಬಿಳಿ ಪ್ಲಾಸ್ಟಿಕ್ಕಿನ ಚಪ್ಪರಗಳು ಕಾಣುತ್ತವೆ. ಬಣ್ಣದವು ಬೇರೆ ಹಣ್ಣೇನೂ ಅಲ್ಲ, ಗಿಡದಲ್ಲೇ ಇನ್ನೂ ಕೆಲವು ವಾರ ಬಿಟ್ಟು ಮಾಗಿಸಿದವು. ಆ ವಾರಗಳ ಕೂಲಿ, ಔಷಧ, ನಷ್ಟ ಎಲ್ಲವೂ ನಾವು ಕೊಡುವ ಬೆಲೆಯಲ್ಲಿದೆ. ಸಿಹಿ ಜಾಸ್ತಿ ಇರುವುದೂ ಮಾಗಿದ್ದರಿಂದಲೇ. ನನ್ನ ನಾಲಿಗೆಗೆ ಶೇಂಗಾ ಮಸಾಲೆಯ ಜೊತೆ ಆ ಸಿಹಿ ಹೊಂದುವುದಿಲ್ಲ, ಬೆಲ್ಲ ಪೂರ್ತಿ ಬಿಡಬೇಕಾಗುತ್ತದೆ.

ವಾಟ್ಸಾಪಿನಲ್ಲಿ ಆಗಾಗ ಒಂದು ಸಂದೇಶ ಬರುತ್ತದೆ: ತಳದಲ್ಲಿ ನಾಲ್ಕು ಉಬ್ಬಿದ್ದರೆ ಹೆಣ್ಣು ಡಬ್ಬು, ಸಿಹಿ, ಮೂರಿದ್ದರೆ ಗಂಡು, ಬೇಯಿಸಲು ಒಳ್ಳೆಯದು. ಶುದ್ಧ ಸುಳ್ಳು. ಗಂಡು ಭಾಗ, ಹೆಣ್ಣು ಭಾಗ ಎರಡೂ ಒಂದೇ ಹೂವಿನಲ್ಲಿರುತ್ತವೆ, ಕಾಯಿಗೆ ಲಿಂಗವಿಲ್ಲ. ಉಬ್ಬುಗಳ ಲೆಕ್ಕ ತಳಿಯದು, ಬೆಳೆದ ರೀತಿಯದು. ನಾಲ್ಕು ಉಬ್ಬಿನದನ್ನೇ ನಾನೂ ಆರಿಸುತ್ತೇನೆ, ಬಾಣಲೆಯಲ್ಲಿ ಬೀಳದೆ ನಿಲ್ಲುತ್ತದೆ ಎಂಬ ಒಂದೇ ಕಾರಣಕ್ಕೆ.

ಹೊಸ ಹೂರಣಗಳ ಬಗ್ಗೆ ನನಗೆ ಮಡಿವಂತಿಕೆ ಇಲ್ಲ, ದೂರುಗಳಿವೆ. ಪನೀರು ಡಬ್ಬು ಬಿಟ್ಟ ನೀರನ್ನು ಹೀರುವುದಿಲ್ಲ. ತಟ್ಟೆಗೆ ಬರುವ ಹೊತ್ತಿಗೆ ಕಾಯಿಯ ತಳದಲ್ಲಿ ಒಂದು ಚಮಚ ಸಪ್ಪೆ ನೀರು. ಚೀಸು ಬಿಸಿಯಿರುವಾಗ ಹರಿದುಹೋಗುತ್ತದೆ, ಆರಿದ ಮೇಲೆ ರಬ್ಬರು. ಆಲೂಗಡ್ಡೆ ಪಲ್ಯ ಸಭ್ಯ, ಎಲ್ಲಿ ತುಂಬಿದರೂ ನಿಲ್ಲುತ್ತದೆ, ಆದರೆ ಮಸಾಲೆ ದೋಸೆಯ ನೆನಪು ಬಿಟ್ಟರೆ ಬೇರೇನೂ ಕೊಡುವುದಿಲ್ಲ. ನವಣಕ್ಕಿ ಅನ್ನ ಚೆನ್ನ. ಎಲ್ಲಕ್ಕಿಂತ ಚೆನ್ನಾಗಿ ಒಗ್ಗಿದ್ದು ಹಿಂದಿನ ದಿನ ಉಳಿದ ಉಪ್ಪಿಟ್ಟು. ರವೆ ಒಣಗಿ ಗಟ್ಟಿಯಾಗಿರುತ್ತದೆ, ಕಾಯಿಯ ನೀರು ಕುಡಿದು ಮತ್ತೆ ಉದುರುದುರಾಗುತ್ತದೆ. ಅದಕ್ಕೆ ಒಂದು ಚಮಚ ಗುರೆಳ್ಳಿನ ಪುಡಿ, ನಾಲ್ಕು ಹನಿ ನಿಂಬೆಹುಳಿ. ಬಂದವರಿಗೆ ಉಪ್ಪಿಟ್ಟು ಎಂದು ಹೇಳದಿದ್ದರೆ ಹೊಗಳುತ್ತಾರೆ.

ಬಣ್ಣದ ಹುಚ್ಚೂ ಹೊಸದು. ಹುಣಸೆ ಬಿದ್ದ ಡಬ್ಬು ಮುಚ್ಚಿ ಬೇಯಿಸಿದರೆ ಹಸಿರು ಹೋಗಿ ಕಂದುಹಸಿರಾಗುತ್ತದೆ; ಹುಳಿ ಹರಿತ್ತಿನ ಮೇಲೆ ಮಾಡುವ ಕೆಲಸ ಅದು, ಅಡಿಗೆಯವಳ ತಪ್ಪಲ್ಲ. ಫೋಟೋ ತೆಗೆಯುವವರಿಗೆ ಅದು ಬೇಡ. ಆದ್ದರಿಂದ ಹುಣಸೆ ಬಿಟ್ಟು ಆಮ್‌ಚೂರನ್ನು ಕೊನೆಗೆ ಉದುರಿಸುತ್ತಾರೆ, ಕಾಯಿಯನ್ನು ಅರೆಬೇಯಿಸಿ ಇಳಿಸುತ್ತಾರೆ. ಸಿಪ್ಪೆ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಚಿತ್ರ ಚೆನ್ನಾಗಿ ಬರುತ್ತದೆ.

ಇವತ್ತಿನದು ನಿಜವಾಗಿಯೂ ಸುಧಾರಿಸಿದ್ದು ಬೆಂಕಿಯಲ್ಲಿ. ನನ್ನ ಮಗಳು ಜರ್ಮನಿಯಲ್ಲಿ ಒಲೆಯ ಬದಲು ಓವನ್ನಿನಲ್ಲಿಡುತ್ತಾಳೆ. ಅಲ್ಲಿನ ತುರ್ಕಿ ಅಂಗಡಿಗಳಲ್ಲಿ ತುಂಬುವುದಕ್ಕೆಂದೇ ತೆಳು ಸಿಪ್ಪೆಯ, ತಿಳಿಹಸಿರಿನ ಸಣ್ಣ ಕಾಯಿ ಸಿಗುತ್ತದೆ. ತುರ್ಕಿಯವರು ಅದಕ್ಕೆ ಅಕ್ಕಿ, ಈರುಳ್ಳಿ, ಒಣದ್ರಾಕ್ಷಿ ತುಂಬಿ ಆಲಿವ್ ಎಣ್ಣೆಯಲ್ಲಿ ಬೇಯಿಸಿ ತಣ್ಣಗೆ ತಿನ್ನುತ್ತಾರೆ; ಮಾಂಸ ತುಂಬಿದರೆ ಬಿಸಿಯಾಗಿ, ಮೊಸರಿನ ಜೊತೆ. ಇವಳು ಅದರಲ್ಲಿ ನಮ್ಮ ಶೇಂಗಾ ಮಸಾಲೆ ತುಂಬಿದಳು. ಸುತ್ತ ಒಂದೇ ಸಮನೆ ಶಾಖ, ಎಣ್ಣೆ ಎರಡು ಚಮಚ, ತಳ ಕರಿಯಾಗಲಿಲ್ಲ, ಮೇಲೆ ಹಸಿಯುಳಿಯಲಿಲ್ಲ. ಹೋದ ವರ್ಷ ಅಲ್ಲಿ ಕೂತು ತಿಂದೆ. ಅವ್ವನದಕ್ಕಿಂತ ಚೆನ್ನಾಗಿತ್ತು. ಅಣ್ಣನಿಗೆ ಫೋನಿನಲ್ಲಿ ಹೇಳಿದರೆ “ಹಂಗ್ಯಾಕ ಅಂತಿ” ಎಂದು ಬೇಜಾರು ಮಾಡಿಕೊಂಡ. ಅವನು ಓವನ್ನೂ ನೋಡಿಲ್ಲ, ಸ್ಟೋದ ಮುಂದೆಯೂ ಕೂತವನಲ್ಲ.

ಮಗಳು ಅಳತೆ ಕೇಳಿದಳು. ಆರು ಕಾಯಿಗೆ ಹುರಿದ ಶೇಂಗಾ ಒಂದು ಬಟ್ಟಲು, ಗುರೆಳ್ಳು ಎರಡು ಚಮಚ, ಕಡಲೆಹಿಟ್ಟು ಮೂರು ಚಮಚ, ಉಳಿದದ್ದು ನಾಲಿಗೆ ನೋಡಿ ಎಂದೆ. ಮಸಾಲೆ ಹೆಚ್ಚಾಗಿ ಉಳಿಯುತ್ತದಲ್ಲ ಎಂದಳು. ಉಳಿಯಲಿ ಎಂದೇ ಹೇಳಿದ ಅಳತೆ ಅದು. ಅವ್ವ ಉಳಿದದ್ದಕ್ಕೆ ನೀರು ಬಿಟ್ಟು ಕುದಿಸಿ ಮರುದಿನದ ಸಾರಿಗೆ ದಾರಿ ಮಾಡುತ್ತಿದ್ದಳು. ಮಗಳು ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟು ಎರಡು ದಿನ ಬ್ರೆಡ್ಡಿಗೆ ಹಚ್ಚಿಕೊಂಡು ತಿಂದಳು.